ಸ್ಟರ್ಲಿಂಗ್ ಕೋಟೆಯನ್ನು ಮೇಲಿಂದ ಕೆಳಕ್ಕೆ ನೋಡಿದ್ದು: ನನ್ನ ಅನುಭವ

ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿರುವ ನಮ್ಮ ಕನ್ನಡ ಬಳಗದಲ್ಲಿ ಸ್ಟರ್ಲಿಂಗ್ ಕೋಟೆ ಅಂದರೆ ಎಲ್ಲರದ್ದೂ ಒಂದೇ ಮಾತು: "ಮಂಡಿ ನೋವಿರೋ ಅಪ್ಪ ಅಮ್ಮನ್ನ ಅಲ್ಲಿಗೆ ಕರ್ಕೊಂಡು ಹೋಗ್ಬೇಡಿ. ಕೋಚ್ ಬಸ್ ಟೂರ್ ಹತ್ತಿಸಿ, ಫೋಟೋ ತೆಗೆಸಿ, ಸಾಕು." ನಾನು ಒಪ್ಪಲಿಲ್ಲ. ಈ ಬೇಸಿಗೆಯಲ್ಲಿ ಇಬ್ಬರನ್ನೂ ರೈಲಲ್ಲೇ ಕರೆದುಕೊಂಡು ಹೋದೆ. ಕೋಟೆ, ಅರಮನೆ, ತೋಟ, ಕೆಳಗಿನ ಕಿಂಗ್ಸ್ ನಾಟ್ ಅನ್ನೋ ಹಳೇ ರಾಜತೋಟದ ಜಾಗ, ಎಲ್ಲ ಒಂದೇ ದಿನದಲ್ಲಿ ಆಯಿತು. ಸಂಜೆ ಇಬ್ಬರೂ ಸ್ಟೇಷನ್‌ವರೆಗೆ ತಾವೇ ನಡೆದು ಬಂದರು. ಬೇಡ ಅಂದವರೇ ಈಗ ಫೋನ್ ಮಾಡಿ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಇದಕ್ಕೂ ಮೊದಲು ಕೆಲವು ದಾರಿ ಕೈಕೊಟ್ಟವು. ಹಿಂದೊಮ್ಮೆ ಅತ್ತೆ ಮಾವ ಬಂದಾಗ ಕೋಚ್ ಟೂರ್ ಮಾಡಿಸಿದ್ದೆವು. ತಲೆಗೆ ಸುಮಾರು 60 ಪೌಂಡ್, ಕೋಟೆಯ ಟಿಕೆಟ್ ಬೇರೆ. ಅಲ್ಲಿ ಕೊಟ್ಟಿದ್ದು ಒಂದು ಗಂಟೆ ಚಿಲ್ಲರೆ. ಕ್ಯೂ, ಟಾಯ್ಲೆಟ್ ಮುಗಿಸುವಷ್ಟರಲ್ಲಿ ಅರ್ಧ ಸಮಯ ಹೋಯಿತು. ಅರಮನೆಯ ಬಾಗಿಲವರೆಗೆ ಹೋಗಿ ವಾಪಸ್. ಆಮೇಲೊಮ್ಮೆ ಸ್ಟೇಷನ್‌ನಿಂದ ನಡೆದೇ ಹತ್ತಿಸಿದೆವು. ಇಪ್ಪತ್ತು ನಿಮಿಷದ ದಾರಿ ಅಂತಾರೆ, ಆದರೆ ಪೂರ್ತಿ ಏರು, ಕಾಲಡಿಗೆ ಕಲ್ಲುಹಾಸು. ಹೋಲಿ ರೂಡ್ ಚರ್ಚ್ ಹತ್ತಿರ ಬರುವಷ್ಟರಲ್ಲಿ ಅತ್ತೆ ಕೂತೇಬಿಟ್ಟರು. ಇನ್ನೊಂದು ಸಲ ದಾರಿಯಲ್ಲೇ ಸಿಗುತ್ತದಲ್ಲ ಅಂತ ಲಿನ್‌ಲಿತ್‌ಗೋ ಅರಮನೆಯನ್ನೂ ಸೇರಿಸಿದೆವು. 1542ರಲ್ಲಿ ಸ್ಕಾಟ್ಲೆಂಡಿನ ರಾಣಿ ಮೇರಿ ಹುಟ್ಟಿದ ಜಾಗ, ನೋಡಲೇಬೇಕಾದದ್ದು. ಆದರೆ ಅಲ್ಲಿನ ಸುರುಳಿ ಮೆಟ್ಟಿಲು ಹತ್ತಿಳಿದ ಮೇಲೆ ಸ್ಟರ್ಲಿಂಗ್‌ಗೆ ಯಾರ ಕಾಲಲ್ಲೂ ಶಕ್ತಿ ಇರಲಿಲ್ಲ.

ಆಗಲೇ ನನಗೆ ಹೊಳೆದದ್ದು: ಏರೋದು ಪೂರ್ತಿ ಟ್ಯಾಕ್ಸಿಗೆ ಬಿಡಬೇಕು, ಇಳಿಯೋದು ಮಾತ್ರ ಕಾಲಿಗೆ. ಅದೂ ಒಂದೇ ಕೋಟೆ, ಇಡೀ ದಿನ.

ಎಂಟೂವರೆ ಹೊತ್ತಿನ ರೈಲು ಹಿಡಿದರೆ ಐವತ್ತು ನಿಮಿಷ. ಸ್ಟೇಷನ್‌ನಿಂದ ಕೋಟೆಯ ಮುಂದಿನ ಮೈದಾನದವರೆಗೆ ಟ್ಯಾಕ್ಸಿ 8 ಪೌಂಡ್ ಆಸುಪಾಸು. ಬಾಗಿಲು ತೆರೆಯುವುದು 9.30ಕ್ಕೆ. ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ, ಬಾಗಿಲಲ್ಲಿ ಜಾಸ್ತಿ. ಕೋಚ್‌ಗಳು ಬಂದು ಸುರಿಯೋದು ಸುಮಾರು ಹನ್ನೊಂದಕ್ಕೆ. ಮಧ್ಯದ ಒಂದೂವರೆ ಗಂಟೆಯೇ ನಮ್ಮ ಬಂಡವಾಳ.

ಆ ಹೊತ್ತಲ್ಲಿ ಎಲ್ಲರೂ ಮೊದಲು ಗೋಡೆ ಹತ್ತಿ ಫೋಟೋ ತೆಗೆಯುತ್ತಾರೆ. ನಾವು ನೇರ ಅರಮನೆಗೆ ಹೋದೆವು. ಸ್ಕಾಟ್ಲೆಂಡಿನ ರಾಜ ಐದನೇ ಜೇಮ್ಸ್ ತನ್ನ ಫ್ರೆಂಚ್ ರಾಣಿ ಮೇರಿ ಆಫ್ ಗೀಸ್‌ಗಾಗಿ 1540ರ ಹೊತ್ತಿಗೆ ಕಟ್ಟಿಸಿದ್ದು. ರಾಜನ ಒಳಕೋಣೆಯಲ್ಲಿ ತಲೆ ಎತ್ತಿ ನೋಡಬೇಕು. ಓಕ್ ಮರದಲ್ಲಿ ಕೆತ್ತಿದ ಒಂದೊಂದು ಮೀಟರ್ ಅಗಲದ ಮುಖಗಳು, ಗಾಢ ಬಣ್ಣದಲ್ಲಿ. ಅವು ಹೊಸ ಪ್ರತಿಗಳು. ಹಳೆಯವನ್ನು 1777ರಲ್ಲಿ ಚಾವಣಿಯಿಂದ ಇಳಿಸಿದ್ದರು, ಉಳಿದವುಗಳಲ್ಲಿ ಹೆಚ್ಚಿನವು ಈಗ ಮೇಲಿನ ಗ್ಯಾಲರಿಯಲ್ಲಿವೆ. ಮೊದಲು ಪ್ರತಿ ನೋಡಿ, ಆಮೇಲೆ ಮೂಲ ನೋಡಿ. ಬಣ್ಣ ಹೋಗಿ ಬರೀ ಮರ ಉಳಿದ ಮುಖಗಳ ಮುಂದೆ ಜನ ಯಾಕೆ ನಿಲ್ಲುತ್ತಾರೆ ಅಂತ ಆಗ ಗೊತ್ತಾಗುತ್ತದೆ. ರಾಣಿಯ ಕೋಣೆಯಲ್ಲಿ ಯೂನಿಕಾರ್ನ್ ಬೇಟೆಯ ನೇಯ್ಗೆಗಳಿವೆ. ಕೈಯಲ್ಲೇ ನೇಯಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಅಮ್ಮ ಸೀರೆಯ ಸೆರಗು ನೋಡುವ ಹಾಗೆ ಹತ್ತಿರ ಹೋಗಿ ಎಳೆ ಎಳೆ ನೋಡಿದರು. ಕೋಚ್ ಟೂರ್‌ನಲ್ಲಿ ಇದಕ್ಕೆ ಸಮಯ ಎಲ್ಲಿ?

ಗ್ರೇಟ್ ಹಾಲ್‌ನಲ್ಲಿ ಒಂದು ಪ್ರಯೋಗ ಮಾಡಿದೆವು. ಹಾಲ್ ಖಾಲಿ ಇತ್ತು. ಅಮ್ಮನಿಗೆ ಒಂದು ದೇವರನಾಮ ಹಾಡಿ ಅಂದೆ, ಮೊದಲು ಬಾಗಿಲ ಕಡೆಯಿಂದ, ಆಮೇಲೆ ರಾಜ ಕೂರುತ್ತಿದ್ದ ಕಟ್ಟೆಯಿಂದ. ಕಟ್ಟೆಯಿಂದ ಹಾಡಿದಾಗ ದನಿ ಬಹಳ ತುಂಬಿ ಬಂತು. ನಾಲ್ಕನೇ ಜೇಮ್ಸ್ 1503ರ ಹೊತ್ತಿಗೆ ಮುಗಿಸಿದ ಹಾಲ್ ಇದು. 1594ರಲ್ಲಿ ಆರನೇ ಜೇಮ್ಸ್‌ನ ಮಗ ರಾಜಕುಮಾರ ಹೆನ್ರಿಯ ನಾಮಕರಣದ ಊಟಕ್ಕೆ ಮೀನನ್ನು ಬಡಿಸಿದ್ದು ಒಂದು ಹಡಗಿನ ಮಾದರಿಯಲ್ಲಿ, ಅದನ್ನು ಹಾಲ್ ಒಳಗೇ ತಂದಿದ್ದರಂತೆ. ಆಮೇಲೆ ಸೈನ್ಯ ಇದನ್ನು ಬ್ಯಾರಕ್ ಮಾಡಿ, ಮಹಡಿ ಹಾಕಿ ಕೆಡಿಸಿತ್ತು. ಮತ್ತೆ ಸರಿಮಾಡಿ 1999ರಲ್ಲಿ ತೆರೆದರು. ಹೊರಗೆ ಬಳಿದ ಹಳದಿ ಸುಣ್ಣ ಕೆಲವರಿಗೆ ಇಷ್ಟವಿಲ್ಲ, ನನಗೆ ತುಂಬಾ ಇಷ್ಟ.

ಊಟ. ಅಲ್ಲಿನ ಕೆಫೆಯಲ್ಲಿ ಟೀ, ಕೇಕ್ ಮಾತ್ರ ತೆಗೆದುಕೊಂಡೆವು, 15 ಪೌಂಡ್ ಆಗಿರಬಹುದು. ಉಳಿದದ್ದು ಮನೆಯದು. ಚಿತ್ರಾನ್ನ ತಣ್ಣಗಾಗಿ ಅನ್ನ ಗಟ್ಟಿಯಾಗುತ್ತದೆ, ಚಪಾತಿ ರೋಲ್ ಒಣಗುತ್ತದೆ. ಪುಳಿಯೋಗರೆ ಒಂದೇ ಗೆದ್ದದ್ದು. ಆ ಬಂಡೆಯ ಮೇಲೆ ಗಾಳಿ ಹೇಗೆ ಬೀಸುತ್ತದೆ ಅಂತ ಹೋದವರಿಗೆ ಗೊತ್ತು. ಗಾಳಿ ಮುಟ್ಟದ, ಬಿಸಿಲು ಬೀಳುವ ಒಂದು ಬೆಂಚನ್ನು ನಾನು ಹುಡುಕಿಟ್ಟಿದ್ದೇನೆ. ಎಲ್ಲಿ ಅಂತ ಇಲ್ಲಿ ಬರೆಯುವುದಿಲ್ಲ.

ಊಟದ ನಂತರ ಗೈಡ್ ಜೊತೆ ಹೋಗಿ, ಟಿಕೆಟ್‌ನಲ್ಲೇ ಸೇರಿದೆ. ಚಿತ್ರದುರ್ಗದ ಏಳು ಸುತ್ತು ಹತ್ತಿ ಬೆಳೆದ ಅಪ್ಪನಿಗೆ ಕೋಟೆಗಿಂತ ಮುತ್ತಿಗೆಯ ಕಥೆ ಹಿಡಿಸಿತು. 1304ರಲ್ಲಿ ಒಳಗಿದ್ದವರು ಶರಣಾಗುತ್ತೇವೆ ಅಂದರೂ ಮುತ್ತಿಗೆ ಹಾಕಿದ್ದ ಇಂಗ್ಲೆಂಡಿನ ರಾಜ ಒಂದನೇ ಎಡ್ವರ್ಡ್ ಒಪ್ಪಲಿಲ್ಲ. ವಾರ್‌ವುಲ್ಫ್ ಅನ್ನೋ ದೊಡ್ಡ ಕಲ್ಲೆಸೆಯುವ ಯಂತ್ರ ಕಟ್ಟಿಸಿದ್ದ, ಅದನ್ನು ಪ್ರಯೋಗಿಸಿ ನೋಡಿದ ಮೇಲೇ ಶರಣಾಗತಿ. "ಎಂಥಾ ಮನುಷ್ಯನಪ್ಪಾ" ಅಂತ ಅಪ್ಪ ರೈಲಿನಲ್ಲೂ ಅದನ್ನೇ ಹೇಳುತ್ತಿದ್ದರು.

ಮೇಲಿಂದ ಕೆಳಕ್ಕೆ ಅನ್ನೋದರ ನಿಜವಾದ ಲಾಭ ಕಾಣೋದು ಕೊನೆಗೆ. ಗೋಡೆಯ ಮೇಲಿಂದ ಪಶ್ಚಿಮಕ್ಕೆ ಬಗ್ಗಿ ನೋಡಿದರೆ ಕಿಂಗ್ಸ್ ನಾಟ್ ಕಾಣುತ್ತದೆ. ರಾಜ ಒಂದನೇ ಚಾರ್ಲ್ಸ್ ಬರುತ್ತಾನೆ ಅಂತ 1620ರ ದಶಕದ ಕೊನೆಗೆ ಮಾಡಿದ ತೋಟ, ಈಗ ಬರೀ ಹುಲ್ಲು. ಎಂಟು ಮೂಲೆಯ ಮಣ್ಣಿನ ದಿಬ್ಬ, ಮೆಟ್ಟಿಲು ಮೆಟ್ಟಿಲಾಗಿ. ಊರಿನವರು ಕಪ್ ಅಂಡ್ ಸಾಸರ್ ಅಂತಾರೆ. ಕೆಳಗಿಂದ ಮೊದಲು ನೋಡಿದವರಿಗೆ ಅದು ಸುಮ್ನೆ ಹುಲ್ಲುಗುಡ್ಡೆ. ಮೇಲಿಂದ ಆಕಾರ ಮನಸ್ಸಿಗೆ ಹಾಕಿಕೊಂಡು ಇಳಿದರೆ ಒಂದೊಂದು ಮೂಲೆಯೂ ತಿಳಿಯುತ್ತದೆ.

ಇಳಿಯೋಕೆ ಸ್ಮಶಾನದ ಪಕ್ಕದಿಂದ ಬ್ಯಾಕ್ ವಾಕ್ ಅನ್ನೋ ಕಾಲುದಾರಿ ಹಿಡಿದೆವು. ಇಳಿಜಾರು ಅಲ್ಲಲ್ಲಿ ಜೋರು, ಕೋಲು ಇರಲಿ. ಕೆಳಗೆ ಸ್ಮಿತ್ ಮ್ಯೂಸಿಯಂ, ಒಳಗೆ ಹೋಗಲು ಕಾಸಿಲ್ಲ. ಅರಮನೆಯ ರಾಣಿಯ ಕೋಣೆಯ ಮರದ ಹಲಗೆ ಹಿಂದೆ ಸಿಕ್ಕ ಫುಟ್‌ಬಾಲ್ ಅಲ್ಲಿದೆ. ಹಂದಿಯ ಮೂತ್ರಕೋಶಕ್ಕೆ ಚರ್ಮ ಹೊಲಿದದ್ದು, ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯದು. ಬೆಳಿಗ್ಗೆ ಆ ಕೋಣೆಯಲ್ಲೇ ನಿಂತಿದ್ದವರಿಗೆ ಇದು ಇನ್ನೂ ಹಿಡಿಸುತ್ತದೆ. ತೆರೆದಿರುವ ದಿನ ನೋಡಿಕೊಂಡು ಹೊರಡಿ.

ಖರ್ಚು ನೆನಪಿದ್ದಷ್ಟು: ಮೂವರಿಗೆ ರೈಲು 40 ಪೌಂಡ್ ಒಳಗೆ, ಅಪ್ಪ ಅಮ್ಮನ ಟಿಕೆಟ್ 28ರಷ್ಟು, ನನ್ನದು ಹಿಸ್ಟಾರಿಕ್ ಸ್ಕಾಟ್ಲೆಂಡ್ (ಈ ಕೋಟೆ ನೋಡಿಕೊಳ್ಳುವ ಸಂಸ್ಥೆ) ಮೆಂಬರ್‌ಶಿಪ್. ಟ್ಯಾಕ್ಸಿ, ಟೀ ಸೇರಿ ಒಟ್ಟು 90 ಆಸುಪಾಸು. ಕೋಚ್‌ಗೆ ಮೂವರಿಗೆ 180 ಆಗುತ್ತಿತ್ತು, ಟಿಕೆಟ್ ಬಿಟ್ಟು. ಎಡಿನ್‌ಬರೋ ಕೋಟೆಗೂ ಅದೇ ಮೆಂಬರ್‌ಶಿಪ್ ನಡೆಯುತ್ತದೆ, ಹಾಗಾಗಿ ವರ್ಷಕ್ಕೆ ಎರಡು ಮೂರು ಸಲ ನೆಂಟರು ಬರುವ ಮನೆಯವರು ಮಾಡಿಸಿಕೊಳ್ಳಲೇಬೇಕು.

ಮಳೆ ಬಂದರೆ ಬ್ಯಾಕ್ ವಾಕ್ ಬಿಟ್ಟುಬಿಡಿ, ಕಲ್ಲು ಜಾರುತ್ತದೆ. ಆಗ ಅಡುಗೆಮನೆಗಳಲ್ಲಿ, ಸೈನ್ಯದ ಮ್ಯೂಸಿಯಂನಲ್ಲಿ ಹೊತ್ತು ಕಳೆದು ಟ್ಯಾಕ್ಸಿಯಲ್ಲೇ ಇಳಿಯಿರಿ. ಚಳಿಗಾಲದಲ್ಲಿ ಕೋಟೆ ಬೇಗ ಮುಚ್ಚುತ್ತದೆ, ಕತ್ತಲೂ ಬೇಗ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ, ವಾರದ ಮಧ್ಯದ ದಿನ ಇಟ್ಟುಕೊಳ್ಳಿ.