ಕೌದಿ ಬಣ್ಣ ಬಿಟ್ಟರೆ ಒಣಗಲು ಬಿಡಬೇಡಿ, ಉಪ್ಪು ಹಾಕಬೇಡಿ

ನಮ್ಮ ಮನೆಯ ಕೌದಿಯಲ್ಲಿ ಅಜ್ಜನ ಧೋತರವಿದೆ, ಅಜ್ಜಿಯ ಎರಡು ಇಳಕಲ್ ಸೀರೆಗಳಿವೆ, ನನ್ನ ಶಾಲೆಯ ಅಂಗಿಯ ತುಂಡೂ ಇದೆ. ಒಂದು ಬೇಸಿಗೆಯಿಡೀ ಪಡಸಾಲೆಯಲ್ಲಿ ಹರವಿಕೊಂಡು ಅವ್ವ ಹೊಲಿದದ್ದು. ಅಂಚು ಸವೆದಾಗ ನಾನೇ ಪೇಟೆಯಿಂದ ಕೆಂಪು ಲಂಗದ ಬಟ್ಟೆ ತಂದು ಸುತ್ತಲೂ ಪಟ್ಟಿ ಕೊಟ್ಟೆ. ಪಂಚಮಿ ಹಬ್ಬಕ್ಕೆ ಮುಂಚೆ ಒಗೆಯೋಣವೆಂದು ರಾತ್ರಿ ತಣ್ಣೀರಲ್ಲಿ ನೆನೆಹಾಕಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಅಜ್ಜನ ಬಿಳಿ ಧೋತರದ ಚೌಕಗಳೆಲ್ಲ ಗುಲಾಬಿ. ಪಕ್ಕದ ಮನೆಯ ಕಾಕು ಬಂದವರೇ, ‘ಒಂದ್ ಮುಷ್ಟಿ ಉಪ್ಪು ಹಾಕವ್ವಾ, ನಿಲ್ತೈತಿ’ ಅಂದರು. ಹಾಕಿದೆ. ಕಲೆ ಇನ್ನಷ್ಟು ಗಟ್ಟಿಯಾಯಿತು.

ಉಪ್ಪಿನಿಂದ ಯಾಕೆ ಹಾಗಾಯಿತೆಂದು ಆಮೇಲೆ ತಿಳಿದುಕೊಂಡೆ. ಹತ್ತಿಗೆ ಬಣ್ಣ ಹಾಕುವವರು ಬಣ್ಣದ ನೀರಿಗೆ ಉಪ್ಪು ಬೆರೆಸುವುದೇ ಬಣ್ಣ ನೀರನ್ನು ಬಿಟ್ಟು ನೂಲಿಗೆ ಹೋಗಲಿ ಎಂದು. ಅಂದರೆ ಕೆಂಪು ನೀರಲ್ಲಿ ಮುಳುಗಿರುವ ಬಿಳಿ ಧೋತರಕ್ಕೆ ಉಪ್ಪು ಹಾಕಿದರೆ ನಾವು ಧೋತರಕ್ಕೆ ಬಣ್ಣ ಹಾಕಿದ ಹಾಗೆಯೇ. ವಿನೆಗರ್ ಕತೆಯೂ ಹೆಚ್ಚುಕಡಿಮೆ ಇಷ್ಟೇ. ರೇಷ್ಮೆ, ಉಣ್ಣೆಗೆ ಹಾಕುವ ಕೆಲವು ಬಣ್ಣಗಳಿಗೆ ಹುಳಿ ಬೇಕು. ಹತ್ತಿಯ ಬಣ್ಣವನ್ನು ಅದು ಹಿಡಿದು ನಿಲ್ಲಿಸುವುದಿಲ್ಲ. ಪಟಿಕ ಬೇರು, ತೊಗಟೆಗಳ ಬಣ್ಣಕ್ಕೆ ಸರಿ, ಅದೂ ಬಣ್ಣ ಹಾಕುವ ಹೊತ್ತಿನಲ್ಲಿ.

ಬಣ್ಣ ಬಿಡುವುದು ಯಾಕೆ

ಇಂದು ಹತ್ತಿ ಬಟ್ಟೆಗೆ ಹೆಚ್ಚಾಗಿ ಬಳಸುವ ರಿಯಾಕ್ಟಿವ್ ಬಣ್ಣಗಳು 1956ರಲ್ಲಿ ಮಾರುಕಟ್ಟೆಗೆ ಬಂದವು. ಇವು ನೂಲಿನ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತವೆ, ಬೆಸೆದದ್ದು ಸುಲಭಕ್ಕೆ ಬಿಡುವುದಿಲ್ಲ. ಆದರೆ ಹಾಕಿದ ಬಣ್ಣವೆಲ್ಲ ಬೆಸೆಯುವುದಿಲ್ಲ. ಉಳಿದ ಸಡಿಲ ಬಣ್ಣವನ್ನು ಬಿಸಿನೀರು, ಸೋಪಿನಲ್ಲಿ ಮತ್ತೆ ಮತ್ತೆ ತೊಳೆದು ತೆಗೆಯಬೇಕು. ನೀರು, ಉರುವಲು ಉಳಿಸಲು ಆ ತೊಳೆತವನ್ನು ಮೊಟಕು ಮಾಡಿದ ಬಟ್ಟೆಯೇ ನಮ್ಮ ಬಕೆಟ್ಟಿನಲ್ಲಿ ಬಣ್ಣ ಬಿಡುವುದು. ಅಗ್ಗದ ಲಂಗದ ಬಟ್ಟೆ, ಅಸ್ತರಿಗಳಲ್ಲಿ ಡೈರೆಕ್ಟ್ ಬಣ್ಣಗಳೂ ಇರುತ್ತವೆ. ಇವು ನೂಲಿಗೆ ಬೆಸೆಯದೆ ಬರೀ ಅಂಟಿಕೊಂಡಿರುವಂಥವು. ಕಡುಗೆಂಪು, ಕಡುನೀಲಿ, ಕಪ್ಪು ಇದ್ದಲ್ಲಿ ವಿಶೇಷ ಎಚ್ಚರ ಬೇಕು.

ಕೌದಿಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ವರ್ಷಗಟ್ಟಲೆ ಒಗೆಸಿಕೊಂಡ ಹಳೆಯ ಸೀರೆ ಬಿಡಬೇಕಾದ ಬಣ್ಣವನ್ನೆಲ್ಲ ಎಂದೋ ಬಿಟ್ಟಾಗಿದೆ. ಅದರ ಪಕ್ಕಕ್ಕೆ ದರ್ಜಿ ಅಂಗಡಿಯಿಂದ ತಂದ, ಒಮ್ಮೆಯೂ ನೀರು ಕಾಣದ ತುಂಡು ಕೂಡಿಕೊಳ್ಳುತ್ತದೆ. ಹೊಸದರ ಬಣ್ಣವನ್ನು ಹಳೆಯದು ಕುಡಿಯುತ್ತದೆ. ಮೂರು ನಾಲ್ಕು ಪದರ ಇರುವುದರಿಂದ ಒಣಗುವುದೂ ನಿಧಾನ. ಅಷ್ಟು ಹೊತ್ತೂ ಬಣ್ಣ ಒಂದು ತುಂಡಿನಿಂದ ಇನ್ನೊಂದಕ್ಕೆ ಹರಿಯುತ್ತಲೇ ಇರುತ್ತದೆ.

ಕಲೆ ಕಂಡ ತಕ್ಷಣ

ಹಿಂಡಬೇಡಿ, ಬಿಸಿಲಿಗೆ ಹಾಕಬೇಡಿ, ಇಸ್ತ್ರಿಯಂತೂ ಬೇಡವೇ ಬೇಡ. ಒಣಗಿಸಿ ಶಾಖ ಕೊಟ್ಟಷ್ಟೂ ಕಲೆ ತೆಗೆಯುವುದು ಕಷ್ಟ. ಬಿಸಿನೀರು ಸಿದ್ಧವಾಗುವವರೆಗೆ ನಲ್ಲಿಯ ಕೆಳಗೆ ತಣ್ಣೀರು ಹರಿಸುತ್ತ ಒದ್ದೆಯಾಗಿಯೇ ಇಟ್ಟುಕೊಳ್ಳಿ. ಮಡಚಿ ಒದ್ದೆಯಾಗಿ ಗುಡ್ಡೆ ಹಾಕಿಡುವುದೂ ತಪ್ಪು. ಒಂದರ ಮೇಲೊಂದು ಬಿದ್ದ ಕಡೆಯೆಲ್ಲ ಹೊಸ ಕಲೆ ಬೀಳುತ್ತದೆ.

ಬಿಸಿನೀರಿನ ನೆನೆ

ಈ ಕೆಲಸದ ಜೀವವೇ ಇದು, ಅವಸರ ಮಾಡಬೇಡಿ. ತಣ್ಣೀರಲ್ಲಿ ಬಣ್ಣ ಕಡಿಮೆ ಬಿಡುತ್ತದೆ ಎಂಬುದು ನಿಜ. ಆದರೆ ಕಲೆಯಾಗಿ ಕೂತ ಬಣ್ಣವನ್ನೂ ತಣ್ಣೀರು ಹೊರಗೆ ತರುವುದಿಲ್ಲ. ನಮಗೆ ಬೇಕಾದದ್ದು ಸಡಿಲ ಬಣ್ಣವೆಲ್ಲ ಹೊರಬಂದು ನೀರಲ್ಲೇ ತೇಲುತ್ತಿರುವುದು, ಮತ್ತೆ ಬಟ್ಟೆಗೆ ಕೂಡದಿರುವುದು. ಅದಕ್ಕೆ ಬೇಕಾದವು ಮೂರು: ಬಿಸಿ, ಸೋಪು, ಧಾರಾಳ ನೀರು.

ದೊಡ್ಡ ಪ್ಲಾಸ್ಟಿಕ್ ಡ್ರಮ್ಮು ಅಥವಾ ಟಬ್ಬು ತೆಗೆದುಕೊಳ್ಳಿ. ಬಕೆಟ್ಟು ಸಾಲದು. ಒಬ್ಬರು ಹೊದೆಯುವ ಕೌದಿಗೆ ಕನಿಷ್ಠ 60 ಲೀಟರ್ ನೀರಿರಲಿ, ಇನ್ನೂ ಹೆಚ್ಚಿದ್ದರೆ ಒಳ್ಳೆಯದೇ. ನೀರಿನ ಬಿಸಿ 60 ಡಿಗ್ರಿಯ ಆಸುಪಾಸು ಬೇಕು. ಅಳೆಯುವ ಕಡ್ಡಿ ಇಲ್ಲದಿದ್ದರೆ ಕೊತಕೊತ ಕುದಿಯುವ ನೀರು ಒಂದು ಪಾಲು, ನಲ್ಲಿಯ ನೀರು ಒಂದು ಪಾಲು ಬೆರೆಸಿ, ಹತ್ತಿರ ಹತ್ತಿರ ಅಷ್ಟೇ ಆಗುತ್ತದೆ. ಆ ನೀರು ಕ್ಷಣಮಾತ್ರದಲ್ಲಿ ಕೈ ಸುಡುತ್ತದೆ. ಕೋಲು ಬಳಸಿ, ಮಕ್ಕಳನ್ನು ಬಚ್ಚಲ ಹತ್ತಿರ ಬಿಡಬೇಡಿ.

ಅಷ್ಟು ನೀರಿಗೆ 50 ಮಿಲಿಲೀಟರ್‌ನಷ್ಟು ಪಾತ್ರೆ ತೊಳೆಯುವ ಜೆಲ್ ಅಥವಾ ಬ್ಲೀಚ್ ಇಲ್ಲದ ದ್ರವರೂಪದ ಡಿಟರ್ಜೆಂಟ್ ಕಲಕಿ. ಬಾರ್ ಸೋಪು ಬೇಡ. ನಮ್ಮ ಕಡೆಯ ಬೋರ್‌ವೆಲ್ ಗಡಸು ನೀರಿನಲ್ಲಿ ಅದು ಒಡೆದು ಬಿಳಿ ಜಿಡ್ಡಾಗಿ ಬಟ್ಟೆಗೇ ಅಂಟುತ್ತದೆ. ಮಳೆನೀರು ಹಿಡಿದಿಟ್ಟಿದ್ದರೆ ಅದನ್ನು ಈ ಕೆಲಸಕ್ಕೆ ಎತ್ತಿಡಿ, ಗಡಸು ನೀರಿಗಿಂತ ಬಣ್ಣ ಚೆನ್ನಾಗಿ ಬಿಡಿಸುತ್ತದೆ.

ಕೌದಿಯನ್ನು ಸಡಿಲವಾಗಿ ಇಳಿಬಿಟ್ಟು ಕೋಲಿನಿಂದ ಒತ್ತಿ ಪದರಗಳ ಗಾಳಿ ಹೊರಡಿಸಿ. ಒಂದು ಮೂಲೆಯೂ ನೀರಿನಿಂದ ಮೇಲೆ ಕಾಣಬಾರದು. ಮೇಲೆ ನಿಂತ ಭಾಗ ಬತ್ತಿಯ ಹಾಗೆ ಬಣ್ಣದ ನೀರು ಹೀರಿ, ಗೆರೆ ಎಳೆದಂಥ ಕಲೆ ಮಾಡಿಕೊಳ್ಳುತ್ತದೆ. ನಾನು ನೀರು ತುಂಬಿದ ಬಾಟಲಿಗಳನ್ನು ಮೇಲೆ ಹೇರುತ್ತೇನೆ. ಮುಚ್ಚಳ ಹಾಕಿ ಹನ್ನೆರಡು ತಾಸು ಬಿಡಿ. ನೀರು ತಾನಾಗಿ ಆರುತ್ತದೆ, ಆರಲಿ. ಮೊದಲ ಒಂದೆರಡು ತಾಸು ಆಗಾಗ ಕೋಲಾಡಿಸಿದರೆ ಸಾಕು.

ಬೆಳಿಗ್ಗೆ ನೀರು ರಕ್ತದಂತಾಗಿದ್ದರೆ ಗಾಬರಿ ಬೇಡ, ಅದು ಬಟ್ಟೆಯಿಂದ ಹೊರಟುಹೋದ ಬಣ್ಣ. ಒಂದು ಗಾಜಿನ ಲೋಟದಲ್ಲಿ ಆ ನೀರು ತುಂಬಿ ಬಿಳಿ ಹಾಳೆಯ ಮುಂದೆ ಹಿಡಿಯಿರಿ. ತೆಳುವಾಗಿ ಬಣ್ಣ ಕಂಡರೂ ಚೆಲ್ಲಿ, ಹೊಸ ಬಿಸಿನೀರು, ಹೊಸ ಸೋಪು, ಮತ್ತೆ ಹನ್ನೆರಡು ತಾಸು. ಲೋಟ ತಿಳಿಯಾಗುವವರೆಗೆ ಬಿಡಬೇಡಿ. ನನಗೆ ಮೂರು ಸಲ ಬೇಕಾಯಿತು. ಉಪ್ಪು ಹಾಕದಿದ್ದರೆ ಒಂದು ಸಲ ಉಳಿಯುತ್ತಿತ್ತೇನೋ.

ನಡುವೆ ನೀರು ಬದಲಿಸುವಾಗ ಒದ್ದೆ ಕೌದಿಯನ್ನು ಒಂದು ತುದಿ ಹಿಡಿದು ಎತ್ತಲೇಬಾರದು. ನೀರಿನ ಭಾರಕ್ಕೆ ಕೈಹೊಲಿಗೆಯ ದಾರ ಪಟಪಟ ಹರಿಯುತ್ತದೆ, ಹಳೆಯ ಸೀರೆಯೂ ಸೀಳುತ್ತದೆ. ಕೆಳಗೆ ಹಳೆಯ ಬಿಳಿ ಚಾದರ ಹಾಕಿಯೇ ನೆನೆಯಿಟ್ಟರೆ ಇಬ್ಬರು ಚಾದರದ ನಾಲ್ಕು ಮೂಲೆ ಹಿಡಿದು ಜೋಲಿಯಂತೆ ಎತ್ತಬಹುದು.

ಫ್ರಂಟ್ ಲೋಡ್ ವಾಷಿಂಗ್ ಮಷಿನ್ನು ಈ ಕೆಲಸಕ್ಕೆ ತಕ್ಕದ್ದಲ್ಲ. ಅದು ನೀರು ಉಳಿಸಲೆಂದೇ ಮಾಡಿದ್ದು, ಸ್ವಲ್ಪ ನೀರಲ್ಲಿ ಹೆಚ್ಚು ಬಣ್ಣ ಎಂದರೆ ಕಲೆಗೆ ದಾರಿ.

ರೇಷ್ಮೆ ತುಂಡಿದ್ದರೆ

ಇಳಕಲ್ ಸೀರೆಯ ಕೆಂಪು ಸೆರಗು ಅನೇಕ ಬಾರಿ ರೇಷ್ಮೆಯದು ಅಥವಾ ಕೃತಕ ರೇಷ್ಮೆಯದು. ಗುಳೇದಗುಡ್ಡದ ಖಣದಲ್ಲೂ ರೇಷ್ಮೆ ಎಳೆ ಇರಬಹುದು. ನಿಜವಾದ ರೇಷ್ಮೆಗೆ, ಉಣ್ಣೆಗೆ 60 ಡಿಗ್ರಿಯ ನೆನೆ ಆಗದು. ಕೈ ಇಟ್ಟರೆ ಬೆಚ್ಚಗೆನಿಸುವಷ್ಟೇ ನೀರು, ರೇಷ್ಮೆಗೆಂದೇ ಇರುವ ದ್ರವ, ಅರ್ಧ ತಾಸಿಗೊಮ್ಮೆ ನೀರು ಬದಲು. ಕಲೆ ಪೂರ್ತಿ ಹೋಗಲಿಕ್ಕಿಲ್ಲ. ಸೆರಗು ಹಾಳಾಗುವುದಕ್ಕಿಂತ ಪಕ್ಕದ ತುಂಡು ಮಾಸಲಾಗಿ ಉಳಿಯುವುದು ಲೇಸು ಎಂದು ನನಗನ್ನಿಸುತ್ತದೆ.

ಬ್ಲೀಚ್ ವಿಷಯ

ಬಾಟಲಿಯಲ್ಲಿ ಸಿಗುವ ಕ್ಲೋರಿನ್ ಬ್ಲೀಚ್ ಕಲೆಯನ್ನೂ ತಿನ್ನುತ್ತದೆ, ಮೂಲ ಬಣ್ಣವನ್ನೂ ತಿನ್ನುತ್ತದೆ, ಸವೆದ ನೂಲನ್ನು ಇನ್ನಷ್ಟು ಸವೆಸುತ್ತದೆ. ಅದರ ಜೊತೆ ವಿನೆಗರ್, ನಿಂಬೆರಸ ಸೇರಿದರೆ ವಿಷಾನಿಲ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಪ್ರಾಣಕ್ಕೇ ಅಪಾಯ. ಆಕ್ಸಿಜನ್ ಬ್ಲೀಚ್ ಪುಡಿ ಇದಕ್ಕಿಂತ ಮೃದು. ಹತ್ತಿಗೆ ಮಾತ್ರ, ಹಿಂಬದಿಯ ಮೂಲೆಯಲ್ಲಿ ಮೊದಲು ಪರೀಕ್ಷಿಸಿ ಬಳಸಬಹುದು. ಬಣ್ಣ ನಿಲ್ಲಿಸುವ ಡೈ ಫಿಕ್ಸರನ್ನು ಕಲೆಯಾದ ಮೇಲೆ ಹಾಕಿದರೆ ಅದು ಕಲೆಯನ್ನೂ ನಿಲ್ಲಿಸಿಬಿಡುತ್ತದೆ.

ಒಣಗಿಸುವುದು

ಕೊನೆಯ ಸಲ ಸೋಪು ಹೋಗುವವರೆಗೆ ತಣ್ಣೀರಲ್ಲಿ ಜಾಲಿಸಿ. ದೊಡ್ಡ ಟವೆಲ್ಲುಗಳ ನಡುವೆ ಸುರುಳಿ ಸುತ್ತಿ ನೀರು ಒತ್ತಿ ತೆಗೆಯಿರಿ. ನಂತರ ಹೊರಸಿನ ಮೇಲೆ ಚಾದರ ಹಾಸಿ ನೆರಳಲ್ಲಿ ಹರವಿ, ಎರಡು ತಾಸಿಗೊಮ್ಮೆ ಮಗುಚಿ. ಗಾಳಿ ಆಡುವ ಜಾಗ ಬೇಕು, ಬೇಗ ಒಣಗಿದಷ್ಟೂ ಒಳ್ಳೆಯದು.

ಹೊಲಿಯುವ ಮುನ್ನ

ತುಂಡುಗಳನ್ನು ಆರಿಸುವಾಗಲೇ ಒಂದು ಪರೀಕ್ಷೆ ಮಾಡಿಬಿಡಿ. ಎರಡು ಬೆರಳಗಲದ ತುಂಡನ್ನು ಒಂದು ಚೂರು ಬಿಳಿ ಹತ್ತಿ ಬಟ್ಟೆಯ ಜೊತೆ ಲೋಟ ಬಿಸಿನೀರಿಗೆ ಹಾಕಿ, ಎರಡು ಹನಿ ಸೋಪು ಬಿಟ್ಟು ಅರ್ಧ ತಾಸು ಇಡಿ. ನೀರಿನ ಬಣ್ಣಕ್ಕಿಂತ ಆ ಬಿಳಿ ಚೂರನ್ನು ನೋಡಿ ತೀರ್ಮಾನಿಸಿ. ನೀರು ಕೆಂಪಾಗಿಯೂ ಚೂರು ಬಿಳಿಯಾಗಿಯೇ ಉಳಿದರೆ ಆ ಬಟ್ಟೆಯನ್ನು ಬಿಸಿನೀರಲ್ಲಿ ಒಂದೆರಡು ಸಲ ಒಗೆದು ಬಳಸಬಹುದು. ಚೂರಿಗೇ ಬಣ್ಣ ಹತ್ತಿದರೆ ಆ ಬಟ್ಟೆ ಬಿಳಿಯ ಪಕ್ಕ ಬೇಡ. ಹೊಲಿಯುವ ಬಣ್ಣದ ದಾರಕ್ಕೂ ಇದೇ ಪರೀಕ್ಷೆ. ದಾರದ ನೆನಪು ಯಾರಿಗೂ ಬರುವುದಿಲ್ಲ, ಕೌದಿಯ ಮೈತುಂಬ ಓಡುವುದು ಅದೇ.

ನಮ್ಮ ಕೌದಿಯ ಕಲೆ ಬಹುಪಾಲು ಹೋಯಿತು. ಅಂಚಿನ ಹತ್ತಿರದ ಎರಡು ಚೌಕ ಮಾತ್ರ ತೆಳುಗುಲಾಬಿಯಾಗಿಯೇ ಉಳಿದವು. ಅವ್ವ ಒಂದರ ಮೇಲೆ ತನ್ನ ಹಸಿರು ಸೀರೆಯ ತುಂಡಿಟ್ಟು ಹೊಲಿದಳು. ಇನ್ನೊಂದನ್ನು ಹಾಗೆಯೇ ಬಿಟ್ಟಿದ್ದಾಳೆ, ಅಜ್ಜನ ಧೋತರದ ಕರಿ ಅಂಚು ಆ ಚೌಕದಲ್ಲಷ್ಟೇ ಉಳಿದಿದೆ.