ಬ್ರಿಟನ್‌ನ ಸಂಗಾತಿ ವೀಸಾ: ಮೂರು ಅರ್ಜಿ, ಅರವತ್ತು ತಿಂಗಳ ಲೆಕ್ಕ

ಬ್ರಿಟನ್‌ನಲ್ಲಿ ನೆಲೆಸಿದವರನ್ನು ಮದುವೆಯಾಗಿ ಅಲ್ಲಿಗೆ ಹೋಗುವವರಿಗೆ ಕಾಯಂ ವಾಸದ ಅನುಮತಿ, ಅಂದರೆ ಐಎಲ್‌ಆರ್, ಐದು ವರ್ಷದ ನಂತರ ಸಿಗುತ್ತದೆ. ಆ ಐದು ವರ್ಷ ಒಂದೇ ವೀಸಾದಲ್ಲಿ ಮುಗಿಯುವುದಿಲ್ಲ. ಭಾರತದಿಂದ ಅರ್ಜಿ ಹಾಕಿದರೆ ಮೊದಲು 33 ತಿಂಗಳು ಕೊಡುತ್ತಾರೆ. ಅದು ಮುಗಿಯುವ ಹೊತ್ತಿಗೆ ಅಲ್ಲಿಂದಲೇ ಇನ್ನೊಂದು ಅರ್ಜಿ ಹಾಕಿ 30 ತಿಂಗಳ ವಿಸ್ತರಣೆ ಪಡೆಯಬೇಕು. ಮೂರನೆಯದು ಐಎಲ್‌ಆರ್ ಅರ್ಜಿ. ಪ್ರತಿ ಅರ್ಜಿಗೂ ಬೇರೆ ಶುಲ್ಕ, ಬೇರೆ ದಾಖಲೆ, ಇಂಗ್ಲಿಷ್‌ನಲ್ಲಿ ಒಂದೊಂದು ಮೆಟ್ಟಿಲು ಮೇಲೆ. ಕೊನೆಯ ಅರ್ಜಿಯಲ್ಲಿ ಸಿಕ್ಕಿಹಾಕಿಕೊಳ್ಳುವವರಲ್ಲಿ ಹಲವರು ತಪ್ಪು ಮಾಡಿರುವುದು ಮೊದಲ ಎರಡು ಅರ್ಜಿಗಳ ಕಾಲದಲ್ಲಿ. ಹಾಗಾಗಿ ಲೆಕ್ಕವನ್ನು ವಿಮಾನ ಹತ್ತುವ ಮೊದಲೇ ಹಾಕಿಕೊಳ್ಳಬೇಕು.

ನಿಮ್ಮದು ನಿಜಕ್ಕೂ ಸಂಗಾತಿ ವೀಸಾವೇ?

ಇದನ್ನು ಮೊದಲು ಖಚಿತಪಡಿಸಿಕೊಳ್ಳಿ. ಪತಿ ಅಥವಾ ಪತ್ನಿ ಬ್ರಿಟಿಷ್ ಪ್ರಜೆಯಾಗಿದ್ದರೆ, ಇಲ್ಲವೇ ಐಎಲ್‌ಆರ್ ಪಡೆದವರಾಗಿದ್ದರೆ ನಿಮ್ಮದು ಸಂಗಾತಿ ವೀಸಾ. ಬೆಂಗಳೂರಿನ ಕಂಪನಿಯಿಂದ ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಹೋದ ಎಂಜಿನಿಯರ್‌ನ ಪತ್ನಿ ಪಡೆಯುವುದು ಡಿಪೆಂಡೆಂಟ್ ವೀಸಾ. ಅದರ ಅವಧಿ ಗಂಡನ ವೀಸಾದ ಜೊತೆಗೇ ಮುಗಿಯುತ್ತದೆ. ಯಾವುದೇ 12 ತಿಂಗಳಲ್ಲಿ 180 ದಿನಕ್ಕಿಂತ ಹೆಚ್ಚು ದೇಶದ ಹೊರಗಿರಬಾರದೆಂಬ ನಿಯಮ ಡಿಪೆಂಡೆಂಟ್‌ಗೆ ಅನ್ವಯಿಸುತ್ತದೆ, ಸಂಗಾತಿ ವೀಸಾದವರಿಗೆ ಆ ದಿನಗಳ ಮಿತಿ ಇಲ್ಲ. ಸಂಗಾತಿ ವೀಸಾದವರು ತೋರಿಸಬೇಕಾದದ್ದು ಇಬ್ಬರೂ ಬ್ರಿಟನ್‌ನಲ್ಲೇ ಒಟ್ಟಿಗೆ ಬದುಕುತ್ತಿದ್ದಾರೆ ಎಂಬುದನ್ನು. ಹೆರಿಗೆಗೆಂದು ತವರಿಗೆ ಬಂದು ಏಳೆಂಟು ತಿಂಗಳು ಉಳಿದರೆ ಅದಕ್ಕೆ ಕಾರಣ ವಿವರಿಸುವ ದಾಖಲೆ ಇಟ್ಟುಕೊಂಡಿರಬೇಕು.

ಇಲ್ಲಿ ದುಬಾರಿಯಾಗುವ ತಪ್ಪೊಂದಿದೆ. ಮೂರು ವರ್ಷ ಡಿಪೆಂಡೆಂಟ್ ಆಗಿದ್ದವರು, ಗಂಡನಿಗೆ ಐಎಲ್‌ಆರ್ ಸಿಕ್ಕಿತೆಂದು ತಾವು ಸಂಗಾತಿ ವೀಸಾಕ್ಕೆ ಬದಲಾಯಿಸಿಕೊಂಡರೆ ಆ ಮೂರು ವರ್ಷ ಲೆಕ್ಕಕ್ಕೆ ಬರುವುದಿಲ್ಲ. ಗಡಿಯಾರ ಮತ್ತೆ ಸೊನ್ನೆಯಿಂದ ಶುರು. ಹೀಗೆ ಬದಲಾಯಿಸುವ ಮುನ್ನ ಡಿಪೆಂಡೆಂಟ್ ಆಗಿಯೇ ಮುಂದುವರಿಯುವ ದಾರಿ ಇದೆಯೇ ಎಂದು ನೋಂದಾಯಿತ ವಲಸೆ ಸಲಹೆಗಾರರನ್ನು ಕೇಳಿ.

ನಿಶ್ಚಿತಾರ್ಥವಾಗಿ ಫಿಯಾನ್ಸೆ ವೀಸಾದಲ್ಲಿ ಹೋಗುವವರಿಗೆ ಸಿಗುವುದು ಆರು ತಿಂಗಳು. ಆ ಅವಧಿ ಐದು ವರ್ಷಕ್ಕೆ ಸೇರುವುದಿಲ್ಲ, ಕೆಲಸಕ್ಕೂ ಅನುಮತಿ ಇಲ್ಲ. ಮದುವೆ ಊರಲ್ಲೇ ಮುಗಿಸಿ, ನೋಂದಣಿ ಮಾಡಿಸಿ ಹೋಗುವುದು ನಮ್ಮವರಿಗೆ ಲಾಭ.

ಮೊದಲ ಅರ್ಜಿ: 33 ತಿಂಗಳು

ಛತ್ರದಲ್ಲಿ ಸಾವಿರ ಜನರೆದುರು ಮದುವೆಯಾದರೂ ಹೋಮ್ ಆಫೀಸ್‌ಗೆ, ಅಂದರೆ ಬ್ರಿಟನ್‌ನ ಗೃಹ ಇಲಾಖೆಗೆ, ಬೇಕಾಗಿರುವುದು ನೋಂದಣಿ ಪ್ರಮಾಣಪತ್ರ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅದನ್ನು ಮಾಡಿಸಿ. ದಾಖಲೆ ಕನ್ನಡದಲ್ಲಿ ಮಾತ್ರ ಇದ್ದರೆ ಇಂಗ್ಲಿಷ್ ಅನುವಾದ ಸೇರಿಸಬೇಕು. ಅನುವಾದ ಮೂಲಕ್ಕೆ ನಿಷ್ಠವಾಗಿದೆ ಎಂಬ ಮಾತು, ದಿನಾಂಕ, ಅನುವಾದಕರ ಹೆಸರು, ಸಹಿ, ಸಂಪರ್ಕ ವಿವರ ಅದರಲ್ಲಿರಬೇಕು.

ಆದಾಯದ ಮಿತಿ 2024ರ ಏಪ್ರಿಲ್ 11ರಿಂದ ವರ್ಷಕ್ಕೆ 29,000 ಪೌಂಡ್. ಅದಕ್ಕೆ ಮೊದಲೇ ಈ ದಾರಿಯಲ್ಲಿ ಕಾಲಿಟ್ಟು, ಅದೇ ಸಂಗಾತಿಯೊಂದಿಗೆ ಮುಂದುವರಿಯುವವರಿಗೆ ಹಳೆಯ 18,600 ಸಾಕು. ಮೊದಲ ಅರ್ಜಿಯಲ್ಲಿ ಬ್ರಿಟನ್‌ನಲ್ಲಿರುವ ಸಂಗಾತಿಯ ಸಂಬಳ ಮಾತ್ರ ಲೆಕ್ಕ. ನೀವು ಬೆಂಗಳೂರಿನಲ್ಲಿ ಎಷ್ಟೇ ದುಡಿಯುತ್ತಿದ್ದರೂ ಅದು ಸೇರುವುದಿಲ್ಲ. ಸಂಗಾತಿ ಒಂದೇ ಕಡೆ ಆರು ತಿಂಗಳಿಂದ ಕೆಲಸದಲ್ಲಿದ್ದರೆ ಆರು ತಿಂಗಳ ಸಂಬಳದ ಚೀಟಿ, ಅದೇ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಕಂಪನಿಯ ಪತ್ರ ಸಾಕು. ಚೀಟಿಯಲ್ಲಿರುವ ಕೈಗೆ ಬರುವ ಸಂಬಳ ಮತ್ತು ಬ್ಯಾಂಕಿಗೆ ಜಮೆಯಾದ ಮೊತ್ತ ಪ್ರತಿ ತಿಂಗಳೂ ತಾಳೆಯಾಗಬೇಕು. ಒಂದು ತಿಂಗಳ ಚೀಟಿ ಕಾಣೆಯಾಗಿದ್ದರೂ ಅರ್ಜಿ ಮುಗ್ಗರಿಸುತ್ತದೆ.

ಕ್ಷಯ ತಪಾಸಣೆಯನ್ನು ಹೋಮ್ ಆಫೀಸ್ ಒಪ್ಪಿದ ಕ್ಲಿನಿಕ್‌ನಲ್ಲೇ ಮಾಡಿಸಬೇಕು. ಪ್ರಮಾಣಪತ್ರ ಆರು ತಿಂಗಳು ಮಾತ್ರ ಚಾಲ್ತಿಯಲ್ಲಿರುತ್ತದೆ, ತೀರಾ ಮುಂಚೆ ಮಾಡಿಸಬೇಡಿ.

ಖರ್ಚು ದೊಡ್ಡದು. 2025ರ ಏಪ್ರಿಲ್‌ನ ದರಪಟ್ಟಿಯಂತೆ ಮೊದಲ ಅರ್ಜಿಗೆ 1,938 ಪೌಂಡ್, ಅದರ ಜೊತೆ ಆರೋಗ್ಯ ಸರ್‌ಚಾರ್ಜ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಮುಂಗಡವಾಗಿ ಕಟ್ಟುವ ಹಣ) 3,105. ವಿಸ್ತರಣೆಗೆ 1,321 ಮತ್ತು ಸರ್‌ಚಾರ್ಜ್ 2,587.50. ಐಎಲ್‌ಆರ್‌ಗೆ 3,029, ಸರ್‌ಚಾರ್ಜ್ ಇಲ್ಲ. ಒಟ್ಟು ಹತ್ತಿರ ಹತ್ತಿರ 12,000 ಪೌಂಡ್. ಏಪ್ರಿಲ್ ಬಂದಾಗ ದರ ಏರುವುದು ರೂಢಿ, ಅರ್ಜಿ ಹಾಕುವ ದಿನ ಗೌ.ಯುಕೆ ತಾಣದಲ್ಲಿ ನೋಡಿಯೇ ಹಣ ಹೊಂದಿಸಿ.

ಇಂಗ್ಲಿಷ್: ಮೂರು ಮೆಟ್ಟಿಲು

ಭಾಷೆಯ ಮಟ್ಟವನ್ನು ಎ1 (ತೀರಾ ಆರಂಭದ್ದು), ಎ2, ಬಿ1, ಬಿ2 ಎಂದು ಏರುವ ಮೆಟ್ಟಿಲುಗಳಲ್ಲಿ ಅಳೆಯುತ್ತಾರೆ. ಮೊದಲ ಅರ್ಜಿಗೆ ಎ1, ವಿಸ್ತರಣೆಗೆ ಎ2, ಐಎಲ್‌ಆರ್‌ಗೆ ಬಿ1. ಮೂರರಲ್ಲೂ ಕೇಳುವುದು ಮತ್ತು ಮಾತಾಡುವುದಷ್ಟೇ, ಓದು ಬರಹ ಇಲ್ಲ. ಪರೀಕ್ಷೆ ಹೋಮ್ ಆಫೀಸ್ ಪಟ್ಟಿಯಲ್ಲಿರುವ ಸಂಸ್ಥೆಯದೇ, ಪಟ್ಟಿಯಲ್ಲಿರುವ ಕೇಂದ್ರದ್ದೇ ಆಗಿರಬೇಕು. ಇದಕ್ಕೆ ಸೆಲ್ಟ್ ಎನ್ನುತ್ತಾರೆ. ಐಇಎಲ್‌ಟಿಎಸ್ ಲೈಫ್ ಸ್ಕಿಲ್ಸ್, ಪಿಯರ್ಸನ್, ಲಾಂಗ್ವೇಜ್‌ಸರ್ಟ್ ಪರೀಕ್ಷೆಗಳನ್ನು ಭಾರತದಲ್ಲೇ ಬರೆಯಬಹುದು. ಟ್ರಿನಿಟಿ ಪರೀಕ್ಷೆ ಬ್ರಿಟನ್‌ಗೆ ಹೋದ ಮೇಲೆ.

ಕೆನಡಾಕ್ಕೆಂದು ಬರೆದ ಸಾಮಾನ್ಯ ಐಇಎಲ್‌ಟಿಎಸ್‌ನಲ್ಲಿ 7.5 ಬಂದಿದ್ದರೂ ಇಲ್ಲಿ ನಡೆಯುವುದಿಲ್ಲ. ‘ಯುಕೆವಿಐ’ (ಹೋಮ್ ಆಫೀಸ್‌ನ ವೀಸಾ ವಿಭಾಗ) ಎಂದು ನಮೂದಾಗಿರುವುದೇ ಬೇಕು. ‘ಬಿ.ಇ. ಪೂರ್ತಿ ಇಂಗ್ಲಿಷ್‌ನಲ್ಲೇ ಓದಿದ್ದೇನೆ, ಪರೀಕ್ಷೆ ಯಾಕೆ?’ ಎಂದು ಕೇಳುವವರೂ ಬಹಳ. ಇಂಗ್ಲಿಷ್ ಬಹುಸಂಖ್ಯಾತರ ಮಾತಾಗಿರುವ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ಹಾಗಾಗಿ ಪದವಿ ತೋರಿಸಿದರಷ್ಟೇ ಸಾಲದು. ಎಕ್ಟಿಸ್ ಎಂಬ ಸಂಸ್ಥೆಗೆ ಶುಲ್ಕ ಕಟ್ಟಿ, ನಿಮ್ಮ ಪದವಿ ಬ್ರಿಟಿಷ್ ಪದವಿಗೆ ಸಮ ಮತ್ತು ಪಾಠ ಇಂಗ್ಲಿಷ್‌ನಲ್ಲೇ ನಡೆದಿದೆ ಎಂಬ ಎರಡನ್ನೂ ದೃಢೀಕರಿಸಿಕೊಳ್ಳಬೇಕು. ವಿಶ್ವವಿದ್ಯಾಲಯದಿಂದ ಬೋಧನಾ ಮಾಧ್ಯಮದ ಪತ್ರ ಬೇಕಾಗುವುದರಿಂದ ಅದನ್ನು ಮೊದಲೇ ತೆಗೆಸಿಡಿ. ಪತ್ರಕ್ಕಾಗಿ ಓಡಾಡಲು ಸಮಯವಿಲ್ಲದಿದ್ದರೆ ಪರೀಕ್ಷೆಯೇ ಬೇಗ ಮುಗಿಯುವ ದಾರಿ.

ಇನ್ನು ಬಹಳ ಮಂದಿಗೆ ಗೊತ್ತಿಲ್ಲದ ಸಂಗತಿ. ಮೊದಲ ಅರ್ಜಿಗೇ ಬಿ1 ಪರೀಕ್ಷೆ ಬರೆದು ಪಾಸಾಗಿ, ಆ ಪ್ರಮಾಣಪತ್ರದ ಮೇಲೆ ವೀಸಾ ಸಿಕ್ಕಿದ್ದರೆ, ಅದನ್ನೇ ವಿಸ್ತರಣೆಗೂ ಐಎಲ್‌ಆರ್‌ಗೂ ತೋರಿಸಬಹುದು. ಸೆಲ್ಟ್ ಫಲಿತಾಂಶಕ್ಕೆ ಎರಡು ವರ್ಷದ ಆಯುಸ್ಸು ಎನ್ನುವುದು ಅದನ್ನು ಮೊದಲ ಸಲ ಬಳಸುವಾಗಿನ ಮಾತು. ಯಶಸ್ವಿ ಅರ್ಜಿಯೊಂದರಲ್ಲಿ ಆ ಹಂತ ಒಪ್ಪಿಗೆಯಾದ ಮೇಲೆ ಮುಂದಿನ ಅರ್ಜಿಗಳಲ್ಲಿ ಮತ್ತೆ ಬರೆಯಬೇಕಿಲ್ಲ. ಎ1 ಬರೆದವರು ಎ2, ಬಿ1 ಎಂದು ಇನ್ನೆರಡು ಸಲ ಕೂರಬೇಕು. ಕಾಲೇಜು ಓದಿದವರು, ಕಚೇರಿಯಲ್ಲಿ ಇಂಗ್ಲಿಷ್ ಆಡುವವರು ಮೊದಲೇ ಬಿ1ಗೆ ಹೋಗುವುದು ಜಾಣತನ.

ಆದರೆ ಒಂದು ಎಚ್ಚರಿಕೆ. 2025ರ ಮೇ ತಿಂಗಳ ಶ್ವೇತಪತ್ರದಲ್ಲಿ ಕಾಯಂ ವಾಸಕ್ಕೆ ಬೇಕಾದ ಇಂಗ್ಲಿಷನ್ನು ಬಿ2ಗೆ ಏರಿಸುವುದಾಗಿ ಬ್ರಿಟಿಷ್ ಸರ್ಕಾರ ಹೇಳಿದೆ. ಅದೇ ಪತ್ರದಲ್ಲಿ ಕೆಲಸದ ವೀಸಾದವರಿಗೆ ಕಾಯಂ ವಾಸದ ಅವಧಿಯನ್ನು ಹತ್ತು ವರ್ಷಕ್ಕೆ ಏರಿಸುವ ಪ್ರಸ್ತಾಪವಿದೆ, ಬ್ರಿಟಿಷ್ ಪ್ರಜೆಗಳ ಸಂಗಾತಿಗಳಿಗೆ ಐದೇ ವರ್ಷ ಎಂದಿದೆ. ನಿಮಗೆ ಅನ್ವಯಿಸುವುದು ನೀವು ಐಎಲ್‌ಆರ್‌ಗೆ ಅರ್ಜಿ ಹಾಕುವ ಹೊತ್ತಿನ ನಿಯಮ. ಇಂಗ್ಲಿಷ್ ಸಲೀಸಾಗಿರುವವರು ‘ಐಇಎಲ್‌ಟಿಎಸ್ ಫಾರ್ ಯುಕೆವಿಐ’ ಬರೆದು ಕೇಳುವಿಕೆ, ಮಾತು ಎರಡರಲ್ಲೂ ಕನಿಷ್ಠ 5.5 ಪಡೆದರೆ ಅದು ಬಿ2 ಮಟ್ಟ. ಬಿ1ಗೆ 4.0 ಸಾಕು.

ಪರೀಕ್ಷೆಯ ಕೋಣೆ ಹೇಗಿರುತ್ತದೆ? ಲೈಫ್ ಸ್ಕಿಲ್ಸ್ ಬಿ1ರಲ್ಲಿ ಮೇಜಿನ ಆಚೆ ಒಬ್ಬ ಪರೀಕ್ಷಕರು, ಈಚೆ ನೀವು ಮತ್ತು ಇನ್ನೊಬ್ಬ ಅಭ್ಯರ್ಥಿ. 22 ನಿಮಿಷ. ಒಂದು ವಿಷಯದ ಬಗ್ಗೆ ಮಾತಾಡಬೇಕು, ಧ್ವನಿಮುದ್ರಿಕೆ ಕೇಳಿ ಉತ್ತರಿಸಬೇಕು, ಪಕ್ಕದವರ ಜೊತೆ ಸೇರಿ ಏನನ್ನಾದರೂ ಯೋಜಿಸಬೇಕು. ಅಂಕ ಇಲ್ಲ, ಪಾಸು ಅಥವಾ ಫೇಲು. ನಮ್ಮವರು ಎಡವುವುದು ಉಚ್ಚಾರಣೆಯಲ್ಲಲ್ಲ. ಹಿರಿಯರೆದುರು ಕೂತವರಂತೆ ‘ಎಸ್’, ‘ನೋ’ ಎಂದು ಒಂದೇ ಪದದಲ್ಲಿ ಮುಗಿಸಿಬಿಡುತ್ತಾರೆ, ಪಕ್ಕದ ಅಭ್ಯರ್ಥಿಗೆ ತಿರುಗಿ ಪ್ರಶ್ನೆ ಕೇಳುವುದಿಲ್ಲ. ಬಿ1ರಲ್ಲಿ ಕಾರಣ ಹೇಳಬೇಕು, ಒಪ್ಪಬೇಕು, ಒಪ್ಪದಿದ್ದರೆ ಅದನ್ನೂ ಹೇಳಬೇಕು. ‘ನೆನ್ನೆ ಏನು ಮಾಡಿದಿರಿ’, ‘ಮುಂದಿನ ವರ್ಷ ಏನು ಮಾಡುವಿರಿ’ ಎಂಬುದಕ್ಕೆ ಮೂರು ಮೂರು ವಾಕ್ಯ ಹೇಳಿ ರೂಢಿಸಿಕೊಳ್ಳಿ. ಕೇಳಿಸದಿದ್ದರೆ ಮತ್ತೊಮ್ಮೆ ಹೇಳಿ ಎಂದು ಕೇಳಬಹುದು, ಸುಮ್ಮನೆ ಕೂರುವುದೇ ಕೆಡುಕು. ಬಾಯಿಪಾಠವನ್ನು ಪರೀಕ್ಷಕರು ಬೇಗ ಹಿಡಿಯುತ್ತಾರೆ.

65 ತುಂಬಿದವರಿಗೆ ಪರೀಕ್ಷೆಯಿಲ್ಲ. ಅಂಗವೈಕಲ್ಯ ಅಥವಾ ಕಾಯಿಲೆಯಿಂದ ಆಗದವರಿಗೆ ವೈದ್ಯರ ದಾಖಲೆಯ ಮೇಲೆ ವಿನಾಯಿತಿ ಉಂಟು.

ಹೆಸರಿನ ತೊಡಕು

ಕನ್ನಡಿಗರಿಗೆ ಇದು ವಿಶೇಷ ಸಂಕಟ. ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅದು ಹೆಸರಿನ ಹಿಂದೆ, ಪಾಸ್‌ಪೋರ್ಟ್‌ನಲ್ಲಿ ತಂದೆಯ ಹೆಸರು ಪೂರ್ತಿ, ಕೆಲವರಿಗೆ ಸರ್‌ನೇಮ್ ಜಾಗವೇ ಖಾಲಿ. ಪರೀಕ್ಷೆ ಬುಕ್ ಮಾಡುವಾಗ ಪಾಸ್‌ಪೋರ್ಟ್‌ನಲ್ಲಿ ಇರುವಂತೆ ಅಕ್ಷರ ಬಿಡದೆ ಬರೆಯಿರಿ. ಪರೀಕ್ಷೆಯ ದಿನ ಅದೇ ಪಾಸ್‌ಪೋರ್ಟ್ ಒಯ್ಯಿರಿ. ಮದುವೆಯಾದ ಮೇಲೆ ಗಂಡನ ಹೆಸರು ಸೇರಿಸಿ ಪಾಸ್‌ಪೋರ್ಟ್ ಬದಲಿಸುವುದಿದ್ದರೆ ಅದನ್ನು ಮೊದಲು ಮುಗಿಸಿ, ಪರೀಕ್ಷೆ ಆಮೇಲೆ. ಹಳೆಯ ಪಾಸ್‌ಪೋರ್ಟ್ ಎಸೆಯಬೇಡಿ.

ವಿಸ್ತರಣೆ: ಆತುರ ಬೇಡ, ತಡವೂ ಬೇಡ

ಐದು ವರ್ಷದ ಎಣಿಕೆ ವೀಸಾ ಸಿಕ್ಕ ದಿನದಿಂದ ಅಲ್ಲ, ನೀವು ಬ್ರಿಟನ್ ನೆಲಕ್ಕೆ ಕಾಲಿಟ್ಟ ದಿನದಿಂದ. 33ಕ್ಕೆ 30 ಕೂಡಿದರೆ 63 ತಿಂಗಳು, ಹಾಗಾಗಿ ಮೂರು ತಿಂಗಳ ಸಡಿಲ ಇದ್ದಂತೆ ಕಾಣುತ್ತದೆ. ಆದರೆ ವಿಸ್ತರಣೆಯ 30 ತಿಂಗಳು ಶುರುವಾಗುವುದು ಅವರು ತೀರ್ಮಾನ ಕೊಟ್ಟ ದಿನದಿಂದ. ಹಳೆಯ ವೀಸಾದಲ್ಲಿ ಉಳಿದ ದಿನಗಳಲ್ಲಿ ಹೆಚ್ಚೆಂದರೆ 28 ಮಾತ್ರ ಅದಕ್ಕೆ ಸೇರುತ್ತವೆ.

ಒಂದು ಉದಾಹರಣೆ ಬಿಡಿಸಿ ನೋಡೋಣ. ವೀಸಾ 2026ರ ಜನವರಿ 10ರಿಂದ 2028ರ ಅಕ್ಟೋಬರ್ 10ರವರೆಗೆ. ಊರಿನ ಕೆಲಸ ಮುಗಿಸಿ ಹೊರಟವರು 2026ರ ಏಪ್ರಿಲ್ 1ಕ್ಕೆ ತಲುಪಿದರು. ಅರವತ್ತು ತಿಂಗಳು ತುಂಬುವುದು 2031ರ ಏಪ್ರಿಲ್ 1ಕ್ಕೆ. ಐಎಲ್‌ಆರ್ ಅರ್ಜಿಯನ್ನು 28 ದಿನ ಮುಂಚೆ ಹಾಕಬಹುದು, ಅಂದರೆ ಮಾರ್ಚ್ 4ರಿಂದ. ಈಗ ಇವರು ‘ಬೇಗ ಮುಗಿಸಿಬಿಡೋಣ’ ಎಂದು 2028ರ ಜೂನ್‌ನಲ್ಲೇ ವಿಸ್ತರಣೆಗೆ ಅರ್ಜಿ ಹಾಕಿದರು, ಜುಲೈ 10ಕ್ಕೆ ಮಂಜೂರಾಯಿತು. 30 ತಿಂಗಳು ಮುಗಿಯುವುದು 2031ರ ಜನವರಿ 10ಕ್ಕೆ, ಆ 28 ದಿನ ಕೂಡಿದರೂ ಫೆಬ್ರವರಿ 7ಕ್ಕೆ. ಮಾರ್ಚ್ 4 ಇನ್ನೂ ದೂರ. ಮತ್ತೊಂದು ವಿಸ್ತರಣೆ ಅನಿವಾರ್ಯ, 2025ರ ದರದಲ್ಲೇ ಲೆಕ್ಕ ಹಾಕಿದರೂ ಮತ್ತೆ 3,908.50 ಪೌಂಡ್. ಇದೇ ಅರ್ಜಿಯನ್ನು ಹಳೆಯ ವೀಸಾದ ಕೊನೆಯ 28 ದಿನಗಳಲ್ಲಿ, ಸೆಪ್ಟೆಂಬರ್ 20ರ ಸುಮಾರಿಗೆ ಹಾಕಿದ್ದರೆ ಏನೂ ತೊಂದರೆ ಇರುತ್ತಿರಲಿಲ್ಲ.

ಅಕ್ಟೋಬರ್ 10 ದಾಟಿಸುವುದು ಮಾತ್ರ ಕೂಡದು. ಗಡುವಿನೊಳಗೆ ಅರ್ಜಿ ಹಾಕಿದರೆ ತೀರ್ಮಾನ ತಡವಾದರೂ ಹಳೆಯ ಹಕ್ಕುಗಳು, ಕೆಲಸದ ಹಕ್ಕೂ ಸೇರಿ, ಮುಂದುವರಿಯುತ್ತವೆ. ಆದರೆ ತೀರ್ಮಾನ ಬರುವವರೆಗೆ ಭಾರತಕ್ಕೆ ಬರುವಂತಿಲ್ಲ. ಬಂದರೆ ಅರ್ಜಿ ಹಿಂತೆಗೆದುಕೊಂಡಂತೆ. ಮನೆಯಲ್ಲಿ ಮದುವೆ, ಗೃಹಪ್ರವೇಶ ಇದ್ದರೆ ಇದನ್ನು ನೋಡಿಯೇ ಮುಹೂರ್ತ ಇಡಿಸಿ.

ವಿಸ್ತರಣೆಗೆ ಒಟ್ಟಿಗೆ ಬಾಳುತ್ತಿರುವ ಪುರಾವೆ ಬೇಕು. ಅವಧಿಯುದ್ದಕ್ಕೂ ಹರಡಿದ ಆರು ಪತ್ರಗಳು, ಕನಿಷ್ಠ ಮೂರು ಬೇರೆ ಬೇರೆ ಕಡೆಯಿಂದ ಬಂದವು, ಇಬ್ಬರ ಹೆಸರಿಗೆ ಜಂಟಿಯಾಗಿ. ಇಲ್ಲವೇ ಒಬ್ಬೊಬ್ಬರ ಹೆಸರಿಗೆ ಬೇರೆ ಬೇರೆ, ಆದರೆ ಅದೇ ವಿಳಾಸಕ್ಕೆ. ಕೌನ್ಸಿಲ್ ಟ್ಯಾಕ್ಸ್ (ಸ್ಥಳೀಯ ಆಡಳಿತದ ಮನೆ ತೆರಿಗೆ), ಬ್ಯಾಂಕ್, ನೀರು, ವಿದ್ಯುತ್, ಜಿಪಿ ಅಂದರೆ ಬಡಾವಣೆಯ ವೈದ್ಯರ ಪತ್ರ ಎಲ್ಲ ಆಗುತ್ತದೆ. ಮನೆಯ ಲೆಕ್ಕವೆಲ್ಲ ಗಂಡನ ಹೆಸರಲ್ಲೇ ನಡೆದು, ಹೆಂಡತಿಯ ಹೆಸರಿನ ಒಂದು ಕಾಗದವೂ ಇಲ್ಲದೆ ಕಂಗಾಲಾಗುವವರು ಬಹಳ. ತಲುಪಿದ ಮೊದಲ ತಿಂಗಳಲ್ಲೇ ಎರಡು ಬಿಲ್ಲಿಗೆ ಹೊಸಬರ ಹೆಸರು ಸೇರಿಸಿ. ಈ ಹಂತದಲ್ಲಿ ಇಬ್ಬರ ಸಂಬಳವೂ ಆದಾಯದ ಲೆಕ್ಕಕ್ಕೆ ಬರುತ್ತದೆ.

ಲೈಫ್ ಇನ್ ದ ಯುಕೆ ಪರೀಕ್ಷೆ, ಕೊನೆಯ ಅರ್ಜಿ

ಐಎಲ್‌ಆರ್‌ಗೆ ಬಿ1 ಜೊತೆಗೆ ಬ್ರಿಟನ್‌ನ ಬದುಕು, ಇತಿಹಾಸದ ಬಗೆಗಿನ ಈ ಪರೀಕ್ಷೆಯೂ ಬೇಕು. 45 ನಿಮಿಷ, 24 ಪ್ರಶ್ನೆ, 18 ಸರಿಯಿದ್ದರೆ ಪಾಸು, ಶುಲ್ಕ 50 ಪೌಂಡ್. ಬ್ರಿಟನ್‌ನ ಕೇಂದ್ರಗಳಲ್ಲಿ ಮಾತ್ರ, ಕನಿಷ್ಠ ಮೂರು ದಿನ ಮುಂಚೆ ಬುಕ್ ಮಾಡಿ. ಪ್ರಶ್ನೆಗಳು ಅಧಿಕೃತ ಕೈಪಿಡಿಯಿಂದಲೇ ಬರುತ್ತವೆ. ರಾಜವಂಶಗಳು, ಇಸವಿಗಳು, ಸಂಸತ್ತಿನ ಕಲಾಪ ನಮ್ಮ ಓದಿಗೆ ಹೊಸದು, ಅಧ್ಯಾಯಕ್ಕೊಂದು ವಾರ ಕೊಟ್ಟು ಓದಿ. ಫೇಲಾದರೆ ಏಳು ದಿನ ಬಿಟ್ಟು ಮತ್ತೆ ಹಣ ಕಟ್ಟಿ ಬರೆಯಬಹುದು. ಪಾಸಾದ ಫಲಿತಾಂಶಕ್ಕೆ ಅವಧಿ ಮೀರುವುದೆಂಬುದಿಲ್ಲ, ಆದ್ದರಿಂದ ಐದನೆಯ ವರ್ಷದ ತನಕ ಕಾಯದೆ ಎರಡನೆಯ ವರ್ಷದಲ್ಲೇ ಮುಗಿಸಿ. ಅವರು ಕೊಡುವ ವಿಶಿಷ್ಟ ಸಂಖ್ಯೆಯನ್ನು ಜೋಪಾನ ಮಾಡಿ, ಅರ್ಜಿಯಲ್ಲಿ ತುಂಬಬೇಕಾದದ್ದು ಅದೇ.

ಐಎಲ್‌ಆರ್ ಸಿಕ್ಕ ಮೇಲೆ ಬ್ರಿಟಿಷ್ ಪ್ರಜೆಯ ಸಂಗಾತಿ ತಕ್ಷಣವೇ ಪೌರತ್ವಕ್ಕೆ ಅರ್ಜಿ ಹಾಕಬಹುದು, ಐಎಲ್‌ಆರ್ ಇರುವವರ ಸಂಗಾತಿ ಹನ್ನೆರಡು ತಿಂಗಳು ಕಾಯಬೇಕು. ಭಾರತ ಎರಡು ಪೌರತ್ವ ಒಪ್ಪುವುದಿಲ್ಲವಾದ್ದರಿಂದ ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕಾಗುತ್ತದೆ, ಆಮೇಲೆ ಓಸಿಐ (ಸಾಗರೋತ್ತರ ಭಾರತೀಯರಿಗೆ ಕೊಡುವ ಕಾರ್ಡ್) ಪಡೆಯಬಹುದು. ಪೌರತ್ವ ಬೇಡವೆನ್ನುವವರು ಐಎಲ್‌ಆರ್‌ನಲ್ಲೇ ಉಳಿಯಬಹುದು, ಆದರೆ ಸತತ ಎರಡು ವರ್ಷಕ್ಕಿಂತ ಹೆಚ್ಚು ಬ್ರಿಟನ್‌ನಿಂದ ಹೊರಗಿದ್ದರೆ ಅದು ರದ್ದಾಗುತ್ತದೆ. ಪಾಸ್‌ಪೋರ್ಟ್ ನವೀಕರಿಸಿದಾಗಲೆಲ್ಲ ಹೊಸ ಸಂಖ್ಯೆಯನ್ನು ಯುಕೆವಿಐ ಖಾತೆಯಲ್ಲಿ ಇ-ವೀಸಾಗೆ (ಆನ್‌ಲೈನ್‌ನಲ್ಲಿರುವ ವೀಸಾ ದಾಖಲೆಗೆ) ಜೋಡಿಸಿಯೇ ಕೆಂಪೇಗೌಡ ವಿಮಾನ ನಿಲ್ದಾಣದ ಕಡೆ ಹೊರಡಿ.