ಕಸಬಾ ಪೇಟೆಯಿಂದ ತೋರಣಾ ಗಡದವರೆಗೆ: ನಾಲ್ಕು ದಿನ, ಎರಡು ಜೊತೆ ಕಾಲು

ಹೋದ ಫೆಬ್ರವರಿಯಲ್ಲಿ ನಾನೂ ನಮ್ಮ ಮನೆಯವರೂ ಪುಣೆ ಹತ್ತಿರದ ಸಿಂಹಗಡ ಕೋಟೆಯಿಂದ ರಾಜಗಡ ಕೋಟೆಯ ಕಡೆ ನಡೆದೇ ಹೋಗ್ತೀವಿ ಅಂತ ಹೊರಟಿದ್ದೆವು. ಮಧ್ಯಾಹ್ನ ಎರಡು ಗಂಟೆಗೆ ಕಾರ್ವಿ ಪೊದೆಯೊಳಗೆ ಸಿಕ್ಕಿಕೊಂಡು ಕೂತಿದ್ದೆವು. ಬೆನ್ನ ಮೇಲೆ ತಲಾ 11 ಕೆ.ಜಿ. ಚೀಲ. ಬಾಟಲಿಯಲ್ಲಿ ಎರಡು ಗುಟುಕು ನೀರು. ಫೋನಿನಲ್ಲಿ ನೀಲಿ ಚುಕ್ಕೆ ಸರಿಯಾಗಿ ದಾರಿಯ ಮೇಲೇ ನಿಂತಿತ್ತು. ಕಾಲ ಕೆಳಗೆ ಮಾತ್ರ ದಾರಿ ಇರಲಿಲ್ಲ. ದನ ಓಡಾಡಿ ಆದ ಜಾಡನ್ನು ಕಾಲುದಾರಿ ಅಂತ ನಂಬಿ ಬಂದಿದ್ದೆವು. ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್ಸಾದೆವು. ಬಸ್ಸಿನಲ್ಲಿ ಇಬ್ಬರೂ ಮಾತಾಡಲಿಲ್ಲ.

ಡಿಸೆಂಬರಿನಲ್ಲಿ ಮತ್ತೆ ಹೋದೆ. ಈ ಸಲ ಜೊತೆಗೆ ಹುಬ್ಬಳ್ಳಿಯಿಂದ ಬಂದ ಅಣ್ಣನ ಮಗಳು, ಅಂದರೆ ನನ್ನ ಸೊಸೆ. ನಮ್ಮ ಮನೆಯವರು "ನನ್ನನ್ನ ಬಿಟ್ಟುಬಿಡ್ರಿ" ಅಂತ ಕೈ ಮುಗಿದರು. ಈ ಸಲ ನಡಿಗೆ ಆಯಿತು. ಹೇಗೆ ಆಯಿತು ಅಂತ ಆಫೀಸಿನಲ್ಲಿ, ಕನ್ನಡ ಸಂಘದಲ್ಲಿ ಹತ್ತಾರು ಜನ ಕೇಳಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈ ಹುಚ್ಚು ಹತ್ತಿಸಿದ್ದು ನನ್ನ ಸಹೋದ್ಯೋಗಿ. ಅವರು ಯುರೋಪಿಗೆ ಹೋಗಿ ಒಂದು ವಾರ ಊರಿಂದ ಊರಿಗೆ ನಡೆದು ಬಂದಿದ್ದರು. ಗೈಡ್ ಇಲ್ಲ, ಗುಂಪಿಲ್ಲ. ಕಂಪನಿಯೊಂದು ರೂಮು ಕಾದಿರಿಸುತ್ತೆ. ನೀವು ನಡೆಯುವಾಗ ನಿಮ್ಮ ದೊಡ್ಡ ಚೀಲವನ್ನು ಗಾಡಿಯಲ್ಲಿ ಮುಂದಿನ ಊರಿಗೆ ಮುಟ್ಟಿಸುತ್ತೆ. ಎಲ್ಲಿ ಎಡಕ್ಕೆ, ಎಲ್ಲಿ ಬಲಕ್ಕೆ ಅಂತ ಒಂದು ಕಾಗದ ಕೊಡುತ್ತೆ. ಅಷ್ಟೇ. ಕೇಳಿ ನನಗೆ ಅನಿಸಿದ್ದು, ಇದರಲ್ಲಿ ಮೂರೇ ಕೆಲಸ ಇದೆಯಲ್ಲ: ಚೀಲ, ಹಾಸಿಗೆ, ಕಾಗದ. ಪುಣೆಯಲ್ಲಿ 21 ವರ್ಷದಿಂದ ಇರುವ ಗದಗಿನ ಹೆಣ್ಣುಮಗಳಿಗೆ ಇಷ್ಟು ಮಾಡಿಕೊಳ್ಳಲಿಕ್ಕೆ ಆಗಲ್ವಾ?

ಚೀಲದ ಪ್ರಶ್ನೆ ಬಗೆಹರಿದದ್ದು ಹಾಲಿನ ಟೆಂಪೊದಿಂದ. ತೋರಣಾ ಗಡದ ಬುಡದ ವೇಲ್ಹೆ ಕಡೆಯ ಹಳ್ಳಿಗಳಿಂದ ಬೆಳಗಿನ ಜಾವ ಹಾಲು ಹೊತ್ತು ಪುಣೆಗೆ ಬರುವ ಗಾಡಿಗಳು ಖಾಲಿ ಕ್ಯಾನು ತುಂಬಿಕೊಂಡು ವಾಪಸ್ ಹೋಗುತ್ತವೆ. ನಾವು ಉಳಿಯಬೇಕಿದ್ದ ಮನೆಯವರ ಸಂಬಂಧಿಕರದ್ದೇ ಒಂದು ಗಾಡಿ ಇತ್ತು. 200 ರೂಪಾಯಿ ಕೊಟ್ಟೆ. ಬಟ್ಟೆ, ಹೊದಿಕೆ, ಹೆಚ್ಚಿನ ಚಪ್ಪಲಿ ಎಲ್ಲ ಒಂದೇ ಚೀಲಕ್ಕೆ ತುಂಬಿ ಅದರಲ್ಲಿ ಕಳಿಸಿದೆ. ಬೆನ್ನಿಗೆ ಉಳಿದದ್ದು ನಾಲ್ಕೂವರೆ ಕೆ.ಜಿ. ಅದರಲ್ಲಿ ಮೂರು ನೀರೇ.

ಹಾಸಿಗೆಗೆ ಫೋನ್ ಸಾಕು. ಈ ಗಡಗಳ ಬುಡದ ಊರುಗಳಲ್ಲಿ ಊಟ ಹಾಕಿ ಜಗಲಿಯಲ್ಲೋ ಒಂದು ಕೋಣೆಯಲ್ಲೋ ಮಲಗಲು ಜಾಗ ಕೊಡುವ ಮನೆಗಳು ಬೇಕಾದಷ್ಟಿವೆ. ಆದರೆ ಹಿಂದಿನ ದಿನವೇ ಎಷ್ಟು ಜನ, ಎಷ್ಟು ಹೊತ್ತಿಗೆ ಅಂತ ಹೇಳಬೇಕು. ಹೇಳದೆ ಹೋದರೆ ಅವರು ಇಲ್ಲ ಅನ್ನಲ್ಲ. ನಿಮಗೋಸ್ಕರ ಮತ್ತೆ ಒಲೆ ಹಚ್ಚುತ್ತಾರೆ, ನಿಮಗೆ ನಾಚಿಕೆಯಾಗುತ್ತೆ. ವಾರದ ದಿನಗಳಲ್ಲೇ ಹೋಗಿ. ನಾವು ಸೋಮವಾರ ಶುರು ಮಾಡಿ ಗುರುವಾರ ಮುಗಿಸಿದೆವು. ಭಾನುವಾರದ ಸಿಂಹಗಡ ಅಂದರೆ ಅರ್ಧ ಪುಣೆ ಅಲ್ಲೇ ಇರುತ್ತೆ.

ಕಾಗದದ ಕಥೆ ಸ್ವಲ್ಪ ಉದ್ದ, ಆಮೇಲೆ ಹೇಳುತ್ತೇನೆ.

ಎಲ್ಲರೂ ಸೀದಾ ಗಡಕ್ಕೆ ಓಡುತ್ತಾರೆ. ನಾನು ಮೊದಲ ದಿನವನ್ನು ಹಳೇ ಪುಣೆಗೇ ಇಟ್ಟೆ, ಅದೂ ನಡೆದೇ. ಕಸಬಾ ಗಣಪತಿ ಗುಡಿಯಿಂದ ಬೆಳಿಗ್ಗೆ ಏಳಕ್ಕೆ ಹೊರಟೆವು. ಜೀಜಾಬಾಯಿ ಕಟ್ಟಿಸಿದ್ದು ಅನ್ನುತ್ತಾರೆ. ಇವತ್ತಿಗೂ ಅನಂತ ಚತುರ್ದಶಿಯ ಮೆರವಣಿಗೆಯಲ್ಲಿ ಮೊದಲ ಮಾನ ಈ ಗಣಪನಿಗೇ. ಪಕ್ಕದಲ್ಲೇ ಲಾಲ್ ಮಹಲ್. ಶಿವಾಜಿ ಹುಡುಗನಾಗಿದ್ದಾಗ ಇದ್ದ ಮನೆ, 1663ರಲ್ಲಿ ಮೊಗಲ ಸರದಾರ ಶಾಹಿಸ್ತೇಖಾನನ ಬೆರಳು ಹಾರಿಸಿದ್ದು ಇಲ್ಲೇ. ಈಗ ನಿಂತಿರುವ ಕಟ್ಟಡ ಮಾತ್ರ ಹೊಸದಾಗಿ ಕಟ್ಟಿದ್ದು. ಅದು ಗೊತ್ತಿಲ್ಲದೆ ಹೋದರೆ "ಇಷ್ಟೇನಾ?" ಅನಿಸುತ್ತೆ.

ರಸ್ತೆ ದಾಟಿದರೆ ಶನಿವಾರವಾಡಾ, ಛತ್ರಪತಿಯ ಪ್ರಧಾನಿಗಳಾಗಿದ್ದ ಪೇಶ್ವೆಗಳ ಅರಮನೆ. 1730ರ ಜನವರಿಯಲ್ಲಿ ಒಂದು ಶನಿವಾರ ಅಡಿಪಾಯ ಹಾಕಿದರು, 1828ರ ಬೆಂಕಿಯಲ್ಲಿ ಒಳಗಿನದೆಲ್ಲ ಸುಟ್ಟುಹೋಯಿತು. ಗೋಡೆ, ಬಾಗಿಲು, ಕಾರಂಜಿಯ ತಳ ಉಳಿದಿವೆ. ದಿಲ್ಲಿ ದರವಾಜೆಯ ಮುಂದೆ ನಿಂತು ಆ ಮೊಳೆಗಳನ್ನು ನೋಡಿ. ಆನೆ ಹಣೆ ಕೊಟ್ಟು ನೂಕಬಾರದು ಅಂತ ಹೊಡೆದವು. ಕೆಳಗೆ ಕಲ್ಲು, ಮೇಲೆ ಇಟ್ಟಿಗೆ ಯಾಕೆ ಅಂತ ನನ್ನ ಸೊಸೆ ಕೇಳಿದಳು. ಪೂರ್ತಿ ಕಲ್ಲಿನ ಅರಮನೆ ಛತ್ರಪತಿಗೆ ಮಾತ್ರ, ಪೇಶ್ವೆಗಲ್ಲ ಅಂತ ತಕರಾರು ಬಂತಂತೆ. ಹಾಗಂತ ಇಲ್ಲಿ ಹೇಳುವ ಕಥೆ.

ಅಲ್ಲಿಂದ ಮುಂದೆ ಪೇಟೆಗಳು. ಬುಧವಾರ, ಶುಕ್ರವಾರ, ರವಿವಾರ, ಸದಾಶಿವ, ನಾರಾಯಣ. ನಮ್ಮ ಬೆಂಗಳೂರಿನಲ್ಲಿ ಬಳೇಪೇಟೆ, ಅಕ್ಕಿಪೇಟೆ ಅಂತ ಮಾಲಿನ ಹೆಸರಿಟ್ಟರು, ಇವರು ವಾರದ ಹೆಸರು, ಜನರ ಹೆಸರು ಇಟ್ಟರು. ದಗಡೂಶೇಟ್ ಗಣಪತಿಯ ಎದುರಿಗೆ ಭಿಡೆವಾಡಾ ಇತ್ತು. 1848ರಲ್ಲಿ ಜ್ಯೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ ಹುಡುಗಿಯರ ಶಾಲೆ ಶುರು ಮಾಡಿದ ಜಾಗ. ಹಳೇ ಕಟ್ಟಡವನ್ನು ಸ್ಮಾರಕಕ್ಕಾಗಿ 2023ರಲ್ಲಿ ಕೆಡವಿದರು. ಗಣಪತಿಯ ಮುಂದಿನ ಜನಜಂಗುಳಿಯಲ್ಲಿ ಯಾರೂ ಆ ಕಡೆ ತಿರುಗಿ ನೋಡಲ್ಲ. ನಾವಿಬ್ಬರೂ ಸ್ವಲ್ಪ ಹೊತ್ತು ಸುಮ್ನೆ ನಿಂತೆವು.

ತುಳಶೀಬಾಗ್ ಬಜಾರಿನಲ್ಲಿ ಒಂದು ತಪ್ಪು ಮಾಡಿದೆ: ಸೊಸೆಯನ್ನು ಒಳಗೆ ಬಿಟ್ಟೆ. ಒಂದೂವರೆ ಗಂಟೆ ಹೋಯಿತು, ಎರಡು ಹಿತ್ತಾಳೆ ದೀಪ ಬಂದವು. ನಡಿಗೆಯ ಮೊದಲ ದಿನವೇ ಹಿತ್ತಾಳೆ! ವಿಶ್ರಾಮಬಾಗ್ ವಾಡೆಯ ಮರದ ಕೆತ್ತನೆ ನೋಡಿ, ಮಂಡಯಿಗೆ ಬಂದು ಉಸಳ್ ಪಾವ್ ತಿಂದೆವು. ಮಂಡಯಿ ಅಂದರೆ ತರಕಾರಿ ಮಾರ್ಕೆಟ್ಟು, 1886ರ ಕಲ್ಲಿನ ಕಟ್ಟಡ, ನಡುವೆ ಗೋಪುರ. ದೀಪಗಳನ್ನು ಅಲ್ಲೇ ಪರಿಚಯದ ಅಂಗಡಿಯಲ್ಲಿ ಇಟ್ಟೆವು.

ಸಂಜೆ ಪರ್ವತಿ ಗುಡ್ಡ. 103 ಮೆಟ್ಟಿಲು. ಪಾಣಿಪತ್‌ನಲ್ಲಿ ಮರಾಠರು ಸೋತ ಸುದ್ದಿ ಬಂದ ವರ್ಷವೇ, 1761ರಲ್ಲಿ, ನಾನಾಸಾಹೇಬ ಪೇಶ್ವೆ ಇಲ್ಲೇ ತೀರಿಕೊಂಡ. ಮೇಲಿಂದ ಇಡೀ ಊರು ಕಾಣುತ್ತೆ. ನೈರುತ್ಯಕ್ಕೆ ತಿರುಗಿದರೆ ಟಿವಿ ಟವರ್ ಹೊತ್ತ ಸಿಂಹಗಡ. ಬೆಳಿಗ್ಗೆಯಿಂದ ಪೇಶ್ವೆಗಳ ಊರಿನಲ್ಲಿದ್ದೆವು. ನಾಳೆಯಿಂದ ಅವರಿಗಿಂತ ಹಿಂದಕ್ಕೆ, ಒಂದೊಂದು ಗಡಕ್ಕೂ ಕಾಲ ಇನ್ನಷ್ಟು ಹಿಂದಕ್ಕೆ. ಈ ನಡಿಗೆಯ ಸೊಗಸು ನನಗೆ ಹೊಳೆದದ್ದು ಅಲ್ಲಿ. ಸೀದಾ ಕಾರಿನಲ್ಲಿ ಗಡಕ್ಕೆ ಹೋಗಿದ್ದರೆ ಇದು ತಲೆಗೆ ಬರುತ್ತಿರಲಿಲ್ಲ.

"ಅತ್ತಿ, ಭಾಳ ಸಣ್ಣದು ಕಾಣ್ತೈತಲ್ಲ" ಅಂದಳು.

"ದೂರದ ಬೆಟ್ಟ ನುಣ್ಣಗವ್ವಾ. ನಾಳೆ ಹೇಳು" ಅಂದೆ.

ರಾತ್ರಿಗೆ ಸಿಟಿ ಬಸ್ಸು ಹಿಡಿದು ಗಡದ ಬುಡದ ಆತಕರವಾಡಿಗೆ ಹೋದೆವು. ಪಿಠಲೆ, ಭಾಕ್ರಿ, ಹಸಿಮೆಣಸಿನಕಾಯಿ ಠೇಚಾ, ಮಡಕೆ ಮೊಸರು. ಪಿಠಲೆ ಅಂದರೆ ನಮ್ಮ ಝುಣಕದ ತಂಗಿ, ಸ್ವಲ್ಪ ತೆಳ್ಳಗೆ ಅಷ್ಟೇ. ಸೊಸೆ ರೊಟ್ಟಿ ಬಡಿಯುವುದನ್ನು ನೋಡಿ "ಇದು ನಮ್ಮ ಅವ್ವ ಬಡಿದಂಗ ಐತಿ" ಅಂದಾಗ ಆ ಮನೆಯಾಕೆಗೆ ಭಾಷೆ ತಿಳಿಯದೆಯೂ ಅರ್ಥವಾಗಿ ಇನ್ನೊಂದು ಹಾಕಿದರು.

ಈಗ ಕಾಗದ. ಫೆಬ್ರವರಿಯ ಪಾಠ ಒಂದೇ: ಸಿಂಹಗಡದಿಂದ ರಾಜಗಡದ ದಾರಿಯ ವಿಂಝರ್ ಹಳ್ಳಿಯ ಕಡೆಗಿನ ಗುಡ್ಡದ ಸಾಲನ್ನು ಮೊದಲ ಸಲ ನಡೆಯುವವರು ಒಬ್ಬ ಊರಿನವನನ್ನು ಕರೆದುಕೊಂಡೇ ಹೋಗಬೇಕು. "ನಾವೇ ನಡೆಯೋದು ಅಂದ್ಮೇಲೆ ಗೈಡ್ ಯಾಕೆ" ಅನ್ನಬಹುದು. ಉಳಿದ ಮೂರು ದಿನ ನಾವೇ ನಡೆದೆವಲ್ಲ! ಪೇಟೆಗೆ ಗೈಡ್ ಬೇಡ, ರಾಜಗಡ–ತೋರಣಾದ ದೊಡ್ಡ ದಾರಿಗಳಿಗೂ ಬೇಡ, ಜನ ತುಳಿದು ತುಳಿದು ಸವೆದಿವೆ. ಈ ಸಾಲಿನಲ್ಲಿ ಮಾತ್ರ ಒಂದು ದಾರಿ ನಾಲ್ಕಾಗಿ ಒಡೆಯುತ್ತೆ, ಮೂರು ದನಗಳದ್ದು. ನಮ್ಮ ಜೊತೆ ಬಂದ ಹುಡುಗ ಇಪ್ಪತ್ತರವನು, ದಿನಕ್ಕೆ 1,000 ರೂಪಾಯಿ. ಅವನು ಹೇಳಿದಂತೆ ಪ್ರತಿ ಕವಲನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: "ಒಣಗಿದ ಮರ, ಬಲಕ್ಕೆ. ಕೇಸರಿ ಧ್ವಜ, ಎಡಕ್ಕೆ ಇಳಿ." ಯುರೋಪಿನ ಕಂಪನಿ ಕೊಡುವ ಕಾಗದ ಇದೇ ತಾನೆ?

ಬೆಳಿಗ್ಗೆ ಐದೂವರೆಗೆ ಟಾರ್ಚ್ ಹಿಡಿದು ಹತ್ತಲು ಶುರು ಮಾಡಿದೆವು. ಎರಡು ತಾಸಿನಲ್ಲಿ ಪುಣೆ ದರವಾಜೆ. ಸೊಸೆ ಈಗ ಸಣ್ಣದು ಅನ್ನಲಿಲ್ಲ, ಏನೂ ಅನ್ನಲಿಲ್ಲ. ಗಡದ ಹಳೇ ಹೆಸರು ಕೊಂಢಾಣಾ. 1665ರ ಪುರಂದರ ಒಪ್ಪಂದದಲ್ಲಿ ಮೊಗಲರಿಗೆ ಬಿಟ್ಟುಕೊಟ್ಟ 23 ಕೋಟೆಗಳಲ್ಲಿ ಇದೂ ಒಂದು. 1670ರ ಫೆಬ್ರವರಿಯ ರಾತ್ರಿ ಶಿವಾಜಿಯ ಸರದಾರ ತಾನಾಜಿ ಮಾಲುಸರೆ ವಾಪಸ್ ಗೆದ್ದುಕೊಟ್ಟು ಅಲ್ಲೇ ಸತ್ತ. ಅವನ ಸಮಾಧಿ ನೋಡಿ, ದೇವಟಾಕೆಯ ತಣ್ಣೀರಿನಲ್ಲಿ ಮುಖ ತೊಳೆದೆವು. ಟಾಕೆ ಅಂದರೆ ಬಂಡೆ ಕೊರೆದು ಮಾಡಿದ ನೀರಿನ ತೊಟ್ಟಿ.

ಒಂಬತ್ತೂವರೆಗೆ ಕಲ್ಯಾಣ ದರವಾಜೆಯಿಂದ ಇಳಿದೆವು. ಆಮೇಲಿನ ಏಳು ಗಂಟೆ ಏರು, ಇಳಿ, ಮತ್ತೆ ಏರು. ನೆರಳು ಕಡಿಮೆ. ತಲಾ ಮೂರು ಲೀಟರ್ ನೀರಿಗಿಂತ ಕಡಿಮೆ ಒಯ್ಯಬೇಡಿ, ದಾರಿಯಲ್ಲಿ ಸಿಗುತ್ತೆ ಅಂತ ನಂಬಬೇಡಿ. ಹುಡುಗ ಒಂದು ಕಡೆ ಬಂಡೆಯ ಕೆಳಗೆ ಜೋತಾಡುತ್ತಿದ್ದ ಹೆಜ್ಜೇನಿನ ಹುಟ್ಟುಗಳನ್ನು ತೋರಿಸಿದ. ಸೊಸೆ ಬೆಳಿಗ್ಗೆ ಸೆಂಟ್ ಹೊಡೆದುಕೊಂಡಿದ್ದಳು. "ಮಾವಶಿ, ಇವರನ್ನ ಈ ಕಡೆಯಿಂದ ಬರೋಕೆ ಹೇಳಿ" ಅಂತ ಅವನು ನಮ್ಮನ್ನು ದೂರದಿಂದ ಸುತ್ತಿಸಿ ಕರೆದುಕೊಂಡು ಹೋದ. ಗಡಗಳಲ್ಲಿ ಸೆಂಟೂ ಬೇಡ, ಹೊಗೆಯೂ ಬೇಡ. ಜೇನು ಎದ್ದರೆ ಓಡಲು ಅಲ್ಲಿ ಜಾಗವೇ ಇರಲ್ಲ.

ಕೊನೆಯ ಇಳುಕಲು ಮೊಣಕಾಲಿಗೆ ಬೆಂಕಿ ಹಚ್ಚಿತು. ನನಗೆ 48. ಒಂದೇ ಒಂದು ಸಾಮಾನು ಕೊಳ್ಳುವುದಿದ್ದರೆ ಬೂಟಲ್ಲ, ಊರುಗೋಲು ಕೊಳ್ಳಿ. ನಾನು ಕೊಂಡಿರಲಿಲ್ಲ. ಹುಡುಗ ಒಂದು ಬಿದಿರು ಕಡಿದು ಕೊಟ್ಟ. ವಿಂಝರ್ ಮುಟ್ಟಿದಾಗ ನಾಲ್ಕೂವರೆ. ಅಲ್ಲಿಂದ ರಾಜಗಡದ ಬುಡದ ಗುಂಜವಣೆಗೆ ಡಾಂಬರು ರಸ್ತೆ. ಅದನ್ನೂ ನಡೆಯುವ ಹಟ ನನಗಿಲ್ಲ, ಜೀಪು ಹತ್ತಿದೆವು. ಟಾರು ರಸ್ತೆಯ ಮೇಲೆ ಕಾಲು ಸವೆಸುವುದು ವಾರಕರಿಗಳಿಗೇ ಸರಿ. ಅವರು ಆಳಂದಿಯಿಂದ ಪಂಢರಪುರದವರೆಗೆ ಹಾಡುತ್ತಾ ನಡೆಯುತ್ತಾರೆ, ನಮಗೆ ಹಾಡು ಬರಲ್ಲ.

ಮೂರನೇ ದಿನ ರಾಜಗಡ. ಈ ನಾಲ್ಕು ದಿನದಲ್ಲಿ ಒಂದನ್ನೇ ಆರಿಸಿಕೋ ಅಂದರೆ ಇದನ್ನೇ ಆರಿಸುತ್ತೇನೆ. ರಾಯಗಡಕ್ಕಿಂತ ಮುಂಚೆ ಕಾಲು ಶತಮಾನದಷ್ಟು ಕಾಲ ಶಿವಾಜಿಯ ರಾಜಧಾನಿ ಇದು. 2025ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ 12 ಮರಾಠಾ ಕೋಟೆಗಳಲ್ಲಿ ಇದೂ ಒಂದು. ಗುಂಜವಣೆಯಿಂದ ಚೋರ್ ದರವಾಜೆಗೆ ಹತ್ತುವ ದಾರಿ ಕೊನೆಗೆ ಬರೀ ಬಂಡೆ. ಕಬ್ಬಿಣದ ಕಂಬಿ ಹಿಡಿದು ಮೇಲೇರಬೇಕು. ಸಣ್ಣ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಹೋದರೆ ಎದುರಿಗೆ ಪದ್ಮಾವತಿ ಕೆರೆ, ತುಂಬಿದ ನೀರು. ಏದುಸಿರು ಅಲ್ಲೇ ನಿಂತುಹೋಗುತ್ತೆ.

ಗಡಕ್ಕೆ ಮೂರು ರೆಕ್ಕೆ, ಇಲ್ಲಿ ಮಾಚಿ ಅನ್ನುತ್ತಾರೆ. ಪದ್ಮಾವತಿ, ಸುವೇಳಾ, ಸಂಜೀವನಿ. ನಡುವೆ ಎತ್ತರದ ಬಾಲೆಕಿಲ್ಲಾ, ಅಂದರೆ ಮೇಲಿನ ಒಳಕೋಟೆ. ಒಂದೇ ದಿನದಲ್ಲಿ ಎಲ್ಲ ಆಗಲ್ಲ. ನಾವು ಸುವೇಳಾ ಬಿಟ್ಟು ಸಂಜೀವನಿಗೆ ಹೋದೆವು. ಅಲ್ಲಿ ಕೋಟೆಗೋಡೆ ಜೋಡಿ, ಒಂದರೊಳಗೆ ಒಂದು. ಎರಡರ ನಡುವೆ ಒಬ್ಬರು ಮಾತ್ರ ಹೋಗುವಷ್ಟು ಸಂದು. ಹೊರಗಿನ ಗೋಡೆ ಬಿದ್ದರೂ ವೈರಿ ಸಿಕ್ಕಿಬೀಳುವುದು ಆ ಸಂದಿನಲ್ಲಿ. ಸೊಸೆ ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಗೋಡೆ ತಟ್ಟುತ್ತಾ ಅರ್ಧ ಗಂಟೆ ಅಲ್ಲೇ ಇದ್ದಳು, ತುಳಶೀಬಾಗ್ ಮರೆತೇ ಹೋಗಿತ್ತು.

ಇಳಿದದ್ದು ಪಾಲಿ ದರವಾಜೆಯಿಂದ. ಅಗಲ ಮೆಟ್ಟಿಲು, ಕಾಲಿಗೆ ಸುಖ. ಹತ್ತಲು ಚೋರ್, ಇಳಿಯಲು ಪಾಲಿ. ತಿರುಗಾಮುರುಗಾ ಮಾಡಬೇಡಿ. ರಾತ್ರಿ ವೇಲ್ಹೆಯಲ್ಲಿ ಚೀಲ ಕೈಗೆ ಸಿಕ್ಕಿತು, ಹಾಲಿನ ವಾಸನೆ ಹೊಡೆಯುತ್ತಿತ್ತು. ಬಿಸಿ ನೀರು ಕೊಟ್ಟರು. ಇಂದ್ರಾಯಣಿ ಅಕ್ಕಿಯ ಮೆತ್ತನೆ ಅನ್ನ, ಘಮ್ಮೆನ್ನುವ ತುಪ್ಪ. ಒಂಬತ್ತಕ್ಕೇ ನಿದ್ದೆ.

ನಾಲ್ಕನೇ ದಿನ ತೋರಣಾ. 1646ರ ಹೊತ್ತಿಗೆ, ಶಿವಾಜಿ ಹದಿಹರೆಯದಲ್ಲಿದ್ದಾಗ, ಮೊದಲು ಕೈಗೆ ಬಂದ ಕೋಟೆ. ಇಲ್ಲಿ ಸಿಕ್ಕ ನಿಧಿಯಿಂದಲೇ ರಾಜಗಡ ಕಟ್ಟಿದರು ಅನ್ನುವ ಪ್ರತೀತಿ. ಸುಮಾರು 1,400 ಮೀಟರ್ ಎತ್ತರ. ವೇಲ್ಹೆಯಿಂದ ಬಿನ್ನಿ ದರವಾಜೆಗೆ ಮೂರು ಗಂಟೆ. ನಿಜ ಹೇಳಬೇಕಂದರೆ ಆ ಹೊತ್ತಿಗೆ ಕಾಲು ಸೋತಿದ್ದವು, ಮೇಂಗಾಯಿ ದೇವಿ ಗುಡಿಯವರೆಗೆ ಹೋಗಿ ಕೂತುಬಿಟ್ಟೆವು. ಬುಧಲಾ ಮಾಚಿಯ ಕಡೆಯಿಂದ ರಾಜಗಡಕ್ಕೆ ಗುಡ್ಡದ ಮೇಲೇ ದಾರಿ ಇದೆ. ನನ್ನ ಕಾಲಿಗಲ್ಲ. ಮಧ್ಯೆ ಒಂದು ಬಿಡುವಿನ ದಿನ ಇಟ್ಟಿದ್ದರೆ ಚೆನ್ನಾಗಿತ್ತು. ನೀವು ಹೋದರೆ ರಾಜಗಡ, ತೋರಣಾದ ನಡುವೆ ಇಟ್ಟುಕೊಳ್ಳಿ.

ಇಬ್ಬರಿಗೂ ಸೇರಿ ನಾಲ್ಕು ದಿನಕ್ಕೆ 7,400 ರೂಪಾಯಿ ಆಯಿತು. ಹಿತ್ತಾಳೆ ದೀಪ ಬಿಟ್ಟು.

ಮಧ್ಯಾಹ್ನದ ಎಸ್‌ಟಿ ಬಸ್ಸಿನಲ್ಲಿ ಪುಣೆಯ ಸ್ವಾರ್‌ಗೇಟ್‌ಗೆ ಹೊರಟಾಗ ಸೊಸೆ ಚೀಲ ತೆರೆದು ಎಣಿಸಿದಳು. ಎರಡು ಸ್ವೆಟರು, ಒಂದು ಸೀರೆ, ಮೂರು ಪುಸ್ತಕ, ಹೊದಿಕೆ. ಮಡಿಕೆಯೂ ಬಿಚ್ಚಿರಲಿಲ್ಲ.

"ಅತ್ತಿ, ಸೀರಿ ಯಾಕ ತಂದಿದ್ರಿ?"

ದೇವಿ ಗುಡಿಗೆ ಉಡೋಣ ಅಂತ ತಂದಿದ್ದೆ ಕಣೆ ಅಂದೆ. ಕಂಡಕ್ಟರ್ ಬಿದಿರಿನ ಕೋಲಿಗೂ ಟಿಕೆಟ್ ಬೇಕಾ ಅನ್ನುವಂತೆ ನೋಡಿದ. ಅದನ್ನು ಕಾಲ ಕೆಳಗೆ ತಳ್ಳಿದೆ.